ಅತ್ತೆ ತುಳಿದ ಸಿನಿಮಾ

ನಾನು ಎಕ್ಸ್-ರೇ ತೆಗೆಯುವವಳು. ಬಸವೇಶ್ವರನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಜನರ ಮೂಳೆಗಳ ಚಿತ್ರ ತೆಗೆಯುತ್ತಾ ಬಂದಿದ್ದೇನೆ. "ಉಸಿರು ಎಳ್ಕೊಳಿ, ಹಿಡ್ಕೊಳಿ, ಬಿಡಿ" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ನನಗೇ ಗೊತ್ತಿಲ್ಲ. ಭಾನುವಾರ ಒಂದು ದಿನವಾದರೂ ಮೂಳೆ ಬಿಟ್ಟು ಬೇರೇನಾದರೂ ತೆಗೆಯಬೇಕು ಅನ್ನಿಸಿ, ಡಬ್ಬಿಗಳಿಂದ ಕ್ಯಾಮೆರಾ ಮಾಡುವ ಹುಚ್ಚು ಹತ್ತಿಸಿಕೊಂಡೆ. ಬಿಸ್ಕತ್ತಿನ ಡಬ್ಬಿ, ಟೀಪುಡಿ ಡಬ್ಬಿ, ಒಮ್ಮೆ ಅತ್ತೆಯ ಇಂಗಿನ ಡಬ್ಬಿ. ಸೂಜಿಯಿಂದ ಚುಚ್ಚಿದ ಒಂದು ತೂತು, ಒಳಗೆ ಒಂದು ತುಂಡು ಎಕ್ಸ್-ರೇ ಫಿಲ್ಮ್, ಅಷ್ಟೇ. ಇಂಗಿನ ಡಬ್ಬಿಯಲ್ಲಿ ತೆಗೆದ ಚಿತ್ರ ಈಗಲೂ ಘಮ್ಮೆನ್ನುತ್ತದೆ.

ಆಮೇಲೆ ನಮ್ಮ ಕ್ಲಿನಿಕ್ಕಿಗೆ ಹೊಸ ಯಂತ್ರ ಬಂತು. ಚಿತ್ರಗಳು ನೇರವಾಗಿ ಕಂಪ್ಯೂಟರಿನಲ್ಲೇ ಮೂಡತೊಡಗಿದವು. ಹಳೆಯ ಫಿಲ್ಮಿನ ಡಬ್ಬಗಳು, ತೊಳೆಯುವ ಔಷಧಿ, ಕೆಂಪು ಬಲ್ಬು ಎಲ್ಲ ಮೂಲೆಗೆ ಬಿದ್ದವು. ತಗೊಂಡು ಹೋಗಲಾ ಎಂದು ಡಾಕ್ಟರನ್ನು ಕೇಳಿದೆ.

"ಅವಧಿ ಮುಗಿದಿರೋ ಫಿಲ್ಮು ಅದು. ಏನ್ ಮಾಡ್ತೀರಮ್ಮಾ?"

"ಸಿನಿಮಾ ಮಾಡ್ತೀನಿ ಸಾರ್."

ಅವರು ತಮಾಷೆ ಅಂದುಕೊಂಡರು. "ಹಾಗಾದ್ರೆ ನನಗೊಂದು ಪಾರ್ಟ್ ಇಟ್ಟಿರಿ" ಎಂದು ನಗುತ್ತಾ ಒಪ್ಪಿದರು. ಎರಡು ಸಲ ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಎಲ್ಲವನ್ನೂ ಮನೆಗೆ ಸಾಗಿಸಿದೆ.

ಮನೆ ಇರುವುದು ಕುರುಬರಹಳ್ಳಿಯಲ್ಲಿ, ಮೇಲಿನ ಮಹಡಿಯ ಬಾಡಿಗೆ ಪೋರ್ಷನ್. ನಾನು, ನನ್ನ ಗಂಡ, ಅತ್ತೆ. ಹಿಂದಿನ ಬಾಗಿಲು ತೆಗೆದರೆ ಟೆರೇಸು. ಬಚ್ಚಲುಮನೆಗೆ ಕೆಂಪು ಬಲ್ಬು ಹಾಕಿದ ಮೊದಲ ದಿನ ಅತ್ತೆ ಒಳಗೆ ಹೋದವರು ಹಾಗೇ ಹೊರಗೆ ಬಂದು, "ಇದೇನೇ ಇದು, ದೇವಸ್ಥಾನದ ಥರ ಮಾಡಿದೀಯಾ, ಸ್ನಾನ ಮಾಡೋಕೆ ಸಂಕೋಚ ಆಗುತ್ತೆ" ಅಂದರು.

ಅತ್ತೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಅವರು ಇಪ್ಪತ್ತೆಂಟು ವರ್ಷ ಕಾಲರ್ ಹೊಲಿದವರು. ಬರೀ ಕಾಲರ್. ತೋಳು ಇನ್ನೊಬ್ಬರದು, ಜೇಬು ಮತ್ತೊಬ್ಬರದು. ಬೀದಿಯಲ್ಲಿ ಹೋಗುವ ಗಂಡಸರ ಮುಖ ಅವರು ನೋಡುವುದಿಲ್ಲ, ಕುತ್ತಿಗೆ ನೋಡುತ್ತಾರೆ. ಕೆಲಸ ಬಿಟ್ಟ ಮೇಲೆ ಮನೆಯಲ್ಲಿರುವ ಹಳೆಯ ತುಳಿಯುವ ಮಿಷನ್ನಿನಲ್ಲಿ ಅಕ್ಕಪಕ್ಕದವರ ಸೀರೆಗೆ ಫಾಲ್ಸ್ ಹಾಕಿಕೊಡುತ್ತಾರೆ.

ನಿಂತ ಚಿತ್ರ ನನಗೆ ಸಾಕಾಗಿತ್ತು, ಓಡುವ ಚಿತ್ರ ಬೇಕಿತ್ತು. ಎಕ್ಸ್-ರೇ ಫಿಲ್ಮನ್ನು ಕೆಂಪು ಬೆಳಕಿನಲ್ಲಿ ಲಂಗದ ಲಾಡಿಯಷ್ಟು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಟೇಪಿನಿಂದ ಒಂದಕ್ಕೊಂದು ಅಂಟಿಸಿ, ತೂತಿನ ಹಿಂದೆ ಎಳೆದು ನೋಡಿದೆ. ಕೈಯಲ್ಲಿ ಎಳೆದೆ, ದಾರ ಸುತ್ತಿ ಎಳೆದೆ, ಗಂಡನ ಕೈಲಿ ಎಳೆಸಿದೆ. ತೊಳೆದು ನೋಡಿದರೆ ಪಟ್ಟಿಯ ಉದ್ದಕ್ಕೂ ಕಾಡಿಗೆ ಸವರಿದ ಹಾಗೆ ಒಂದು ಕಪ್ಪು ಗೀರು. ಮೂರು ಭಾನುವಾರ ಇದೇ ಆಯಿತು.

ಹೊಸಿಲ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದ ಅತ್ತೆ ಕೊನೆಗೆ ಕೇಳಿಯೇಬಿಟ್ಟರು.

"ಏನೇ ಅದು, ಎಳೀತಾನೇ ಇದೀಯಾ?"

"ಇದು ಒಂದೇ ಅಳತೆ ಮುಂದಕ್ಕೆ ಹೋಗ್ಬೇಕು ಅತ್ತೆ. ಹೋಗಿ ನಿಲ್ಬೇಕು. ನಿಂತಾಗ ಮಾತ್ರ ಬೆಳಕು ಬೀಳ್ಬೇಕು. ಆಮೇಲೆ ಬೆಳಕು ಮುಚ್ಕೊಂಡು ಮತ್ತೆ ಅಷ್ಟೇ ಅಳತೆ ಮುಂದಕ್ಕೆ ಹೋಗ್ಬೇಕು."

ಅತ್ತೆ ಹುರುಳಿಕಾಯಿ ಕೆಳಗಿಟ್ಟರು. "ಅದು ಹೊಲಿಗೆ ಅಲ್ವೇನೇ?"

ನಾನು ಪಟ್ಟಿ ಎಳೆಯುವುದನ್ನು ನಿಲ್ಲಿಸಿದೆ.

"ಸೂಜಿ ಕೆಳಗಿದ್ದಾಗ ಬಟ್ಟೆ ಅಲ್ಲಾಡಲ್ಲ. ಸೂಜಿ ಎದ್ದ ಮೇಲೆ ಕೆಳಗಿರೋ ಹಲ್ಲು ಬಟ್ಟೇನ ಒಂದು ಹೊಲಿಗೆ ಮುಂದಕ್ಕೆ ತಳ್ಳುತ್ತೆ. ಸೂಜಿ ಬದಲು ನಿನ್ನ ಬೆಳಕು ಬಂದು ಹೋದ್ರೆ ಆಯ್ತು. ಇಷ್ಟಕ್ಕೆ ಮೂರು ವಾರ ಒದ್ದಾಡಿದ್ಯಾ?"

ಒಂದು ಕ್ಷಣ ನನಗೆ ಅವಮಾನವಾಯಿತು, ಮರುಕ್ಷಣ ಕುಣಿಯುವಷ್ಟು ಸಂತೋಷವಾಯಿತು. ಅದೇ ದಿನ ಮಿಷನ್ ಬಿಚ್ಚಲು ಹೋದೆ. ಅತ್ತೆ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಸಿದುಕೊಂಡು ತಾವೇ ಸೂಜಿ ತೆಗೆದರು. ಸೂಜಿಯ ಜಾಗಕ್ಕೆ ಕಪ್ಪು ರಟ್ಟಿನ ತುಂಡು ಕಟ್ಟಿದೆವು. ಅದರಲ್ಲಿ ಒಂದು ಸೀಳು. ರಟ್ಟು ಕೆಳಗಿಳಿದಾಗ ಸೀಳು ಬಂದು ಗಾಜಿನ ಎದುರು ನಿಲ್ಲುತ್ತದೆ, ಬೆಳಕು ಒಳಗೆ ಬರುತ್ತದೆ. ರಟ್ಟು ಮೇಲೆದ್ದರೆ ಕತ್ತಲು, ಆಗ ಹಲ್ಲು ಫಿಲ್ಮನ್ನು ತಳ್ಳುತ್ತದೆ. ಗಾಜು ಅಂದರೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಬೆಳಕನ್ನು ಕೆಳಗೆ ಬಾಗಿಸಲು ಒಡೆದ ಕನ್ನಡಿಯ ಚೂರು. ಎಲ್ಲದರ ಮೇಲೆ ಮುಸುಕು ಹಾಕಲು ಅತ್ತೆ ತಮ್ಮ ಎರಡು ಕಪ್ಪು ಲಂಗಗಳನ್ನು ಕತ್ತರಿಸಿ ಜೋಡಿಸಿದರು. ಒಂದು ಷರತ್ತು ಮಾತ್ರ ಹಾಕಿದರು.

"ತುಳಿಯೋದು ನಾನೇ."

ಮಿಷನ್ನನ್ನು ಟೆರೇಸಿನ ಬಾಗಿಲಿಗೆ ತಂದು ನಿಲ್ಲಿಸಿದೆವು. ಮೊದಲ ಪಟ್ಟಿ ತೊಳೆದು ಕೆಂಪು ಬೆಳಕಿನಲ್ಲಿ ಎತ್ತಿ ಹಿಡಿದಾಗ ಅದರ ಮೇಲೆ ಸಾಲಾಗಿ, ಒತ್ತಾಗಿ, ಒಂದೇ ಅಳತೆಯ ಪುಟ್ಟ ಚಿತ್ರಗಳು ಇದ್ದವು. ನಾನು ಬಚ್ಚಲಲ್ಲೇ ಕಿರುಚಿದೆ. ಹಲ್ಲಿ ಬಿತ್ತೆಂದು ಗಂಡ ಪೊರಕೆ ಹಿಡಿದುಕೊಂಡು ಓಡಿಬಂದ.

ತೊಂದರೆ ಒಂದಿತ್ತು. ಎಷ್ಟೇ ದೊಡ್ಡ ಹೊಲಿಗೆ ಇಟ್ಟರೂ ಒಂದು ಹೊಲಿಗೆಯ ಉದ್ದ ಒಂದು ಅಕ್ಕಿಕಾಳಿನಷ್ಟೂ ಇರುವುದಿಲ್ಲ. ಚಿತ್ರದ ಎತ್ತರವೂ ಅಷ್ಟೇ. ಅಗಲ ಮಾತ್ರ ಪಟ್ಟಿಯ ಪೂರ್ತಿ ಅಗಲ. ಅಂದರೆ ಬಾಗಿಲ ಕೆಳಗಿನ ಸಂದಿಯಿಂದ ಇಣುಕಿದ ಹಾಗೆ ಕಾಣುತ್ತಿತ್ತು ಲೋಕ. ನಿಂತ ಮನುಷ್ಯನನ್ನು ತೆಗೆದರೆ ಬರೀ ಹೊಟ್ಟೆ ಬರುತ್ತಿತ್ತು.

"ಹಾಗಾದ್ರೆ ಮಲಗಿಸು" ಅಂದರು ಅತ್ತೆ.

ಗಂಡ ಟೆರೇಸಿನಲ್ಲಿ ಚಾಪೆ ಹಾಕಿ ಅಡ್ಡಲಾಗಿ ಮಲಗಿದ. ತಲೆಯಿಂದ ಕಾಲಿನವರೆಗೆ ಅಳತೆ ಮಾಡಿ ಹೊಲಿಸಿದ ಹಾಗೆ ಚೌಕಟ್ಟಿಗೆ ಹೊಂದಿಕೊಂಡ. ಭಾನುವಾರ ಮಲಗು ಎಂದು ಮನೆಯವರೇ ಕೇಳಿಕೊಳ್ಳುವ ಭಾಗ್ಯ ಎಷ್ಟು ಗಂಡಸರಿಗೆ ಸಿಗುತ್ತದೆ? ಅವನು ನಾಲ್ಕು ವಾರ ನಾಯಕನಾಗಿದ್ದ. ಪಟ್ಟಿಗಳನ್ನು ಕ್ಲಿನಿಕ್ಕಿನಿಂದ ತಂದ ದೀಪದ ಪೆಟ್ಟಿಗೆಯ ಮೇಲಿಟ್ಟು, ಫೋನಿನಲ್ಲಿ ಒಂದೊಂದೇ ಚಿತ್ರ ತೆಗೆದು, ಎಲ್ಲ ಸೇರಿಸಿ ಓಡಿಸಿದರೆ ಅವನು ನಿಜವಾಗಿಯೂ ಮಗ್ಗುಲು ಬದಲಿಸುತ್ತಿದ್ದ. ಒಂದು ಕಡೆ ಅವನು ಕೈ ಎತ್ತಿ ನೊಣ ಓಡಿಸುವುದು ಇದ್ದಕ್ಕಿದ್ದಂತೆ ಜೋರಾಗಿಬಿಡುತ್ತಿತ್ತು, ಅಲ್ಲಿ ಅತ್ತೆ ನಿಧಾನವಾಗಿ ತುಳಿದು ಚಿತ್ರಗಳು ಕಮ್ಮಿ ಬಿದ್ದಿದ್ದವು. ಆಗ ಯಾಕೆ ಹಾಗಾಯಿತು ಎಂದು ಕೇಳಿದರೆ ಅತ್ತೆ, "ಕೆಳಗೆ ಸೊಪ್ಪಿನವನು ಕೂಗ್ದ ಕಣೇ, ಮೆಂತ್ಯ ಇದೆಯಾ ಅಂತ ಕೇಳಿಸ್ಕೊಳ್ತಾ ಇದ್ದೆ" ಅಂದರು.

ನನ್ನ ತಲೆ ಕೆಟ್ಟಿದ್ದು ಆಗಲೇ. ಕೈಯಲ್ಲಿ ಮಾಡಿದ ಕ್ಯಾಮೆರಾಗಳಿಂದ ತೆಗೆದ ಚಿತ್ರಗಳ ಪ್ರದರ್ಶನಕ್ಕೆ ಒಂದು ಗ್ಯಾಲರಿಯವರು ಅರ್ಜಿ ಕರೆದಿದ್ದರು. ಕಳಿಸುವುದಾದರೆ ಅಚ್ಚುಕಟ್ಟಾಗಿ, ಒಂದೇ ವೇಗದಲ್ಲಿ ಇರಬೇಕು, ಸೊಪ್ಪಿನವನು ಕೂಗಿದಾಗಲೆಲ್ಲ ಸಿನಿಮಾ ಎಗರಿದರೆ ಹೇಗೆ? ಅತ್ತೆ ಎರಡು ದಿನಕ್ಕೆ ಕೆಂಗೇರಿಗೆ, ಮಗಳ ಮನೆಗೆ ಹೋದಾಗ ನಾನು ಮಿಷನ್ನಿಗೆ ಮೋಟರ್ ಹಾಕಿಸಿದೆ.

ವಾಪಸು ಬಂದ ಅತ್ತೆ ಬ್ಯಾಗು ಇಳಿಸುವ ಮೊದಲೇ ಮೋಟರ್ ನೋಡಿದರು. ಬಿಚ್ಚಿಟ್ಟ ಬೆಲ್ಟು ಕಿಟಕಿಯ ಕಂಬಿಗೆ ನೇತಾಡುತ್ತಿತ್ತು.

"ಒಳ್ಳೇದಾಯ್ತು ಬಿಡಮ್ಮಾ. ಇನ್ನು ನನ್ನ ಕಾಲಿಗೆ ರೆಸ್ಟು" ಅಂದರು. 'ಕಣೇ' ಹೋಗಿ 'ಅಮ್ಮಾ' ಬಂದಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

ಮೋಟರ್ ಸಿನಿಮಾ ಹೇಗಿತ್ತು ಅಂತ ಹೇಳಲೂ ನಾಚಿಕೆ. ಎಷ್ಟೇ ಮೆಲ್ಲಗೆ ಒತ್ತಿದರೂ ಅದು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿತು. ಬೆಳಕು ಬೀಳಲು ಪುರುಸೊತ್ತೇ ಸಿಗಲಿಲ್ಲ. ಎರಡು ಪಟ್ಟಿ ಹರಿದವು, ಮೂರನೆಯದರಲ್ಲಿ ಗಂಡ ಗಂಜಿಯಂತೆ ತೆಳ್ಳಗೆ ಕಂಡ. ಅತ್ತೆ ಒಳಗೆ ಕೂತು ಸೀರೆಯ ಫಾಲ್ಸನ್ನು ಕೈಯಲ್ಲೇ ಹೊಲಿಯುತ್ತಿದ್ದರು. ವಾರವಿಡೀ ಊಟ ತಿಂಡಿ ಎಲ್ಲ ಸರಿಯಾಗಿತ್ತು, ಮಾತು ಮಾತ್ರ ಅಳೆದು ಕತ್ತರಿಸಿದಷ್ಟೇ.

ಶನಿವಾರ ಕ್ಲಿನಿಕ್ಕಿನಿಂದ ಬಂದವಳೇ ಮೋಟರ್ ಬಿಚ್ಚಿ ಬೆಲ್ಟ್ ಹಾಕಲು ಕೂತೆ. ಅರ್ಧ ಗಂಟೆ ಒದ್ದಾಡಿದ ಮೇಲೆ ಬೆನ್ನ ಹಿಂದೆ ದನಿ ಕೇಳಿತು.

"ಉಲ್ಟಾ ಹಾಕಿದೀಯಾ."

"ತಪ್ಪಾಯ್ತು ಅತ್ತೆ."

"ಬೆಲ್ಟ್ ಹಾಕಿದ್ದಾ, ಮೋಟರ್ ಹಾಕಿಸಿದ್ದಾ?"

"ಎರಡೂ."

ಅವರು ಪಕ್ಕದಲ್ಲಿ ಕೂತು ಬೆಲ್ಟನ್ನು ಗಾಲಿಗೆ ಏರಿಸಿದರು. "ಫ್ಯಾಕ್ಟರೀಲಿ ಮೋಟರ್ ಓಡ್ದಂಗೆ ನಾವು ಓಡಿದ್ವಿ ಕಣೇ. ಗಂಟೆಗಿಷ್ಟು ಪೀಸು ಅಂತ ತಲೆ ಮೇಲೆ ಒಬ್ಬ ನಿಂತಿರೋನು. ಇದೊಂದೇ ನಾನು ಹೇಳ್ದಂಗೆ ಕೇಳೋದು. ನಾನು ನಿಂತ್ರೆ ನಿಲ್ಲುತ್ತೆ."

'ಕಣೇ' ವಾಪಸು ಬಂದಿತ್ತು, ಅದನ್ನೇ ಹಿಡಿದುಕೊಂಡೆ. "ಈ ಸಲ ಯಾರನ್ನ ತೆಗೀಬೇಕು, ನೀವೇ ಹೇಳಿ" ಅಂದೆ.

ಅವರು ಮೊದಲೇ ಯೋಚಿಸಿಟ್ಟಿದ್ದರು ಅಂತ ಕಾಣುತ್ತದೆ. "ನಮ್ಮ ಲೈನ್‌ನೋರು ಲಗ್ಗೆರೇಲಿ ಇದಾರಲ್ಲ, ಫ್ಯಾಕ್ಟರೀಲಿ ಜೊತೆಗೆ ಹೊಲೀತಿದ್ದ ಆರು ಜನ. ಅವರನ್ನ ಕರಿ. ಜೀವಮಾನವೆಲ್ಲ ಕೂತಿದ್ವಿ. ಒಂದು ಸಲ ಮಲಗಿದ್ದು ಕಾಣ್ಲಿ."

ಮುಂದಿನ ಭಾನುವಾರ ಹತ್ತೂವರೆಗೆ ಆರು ಮಂದಿ ಹೆಂಗಸರು ಎರಡು ಆಟೋದಲ್ಲಿ ಬಂದಿಳಿದರು. ಒಬ್ಬರ ಕೈಯಲ್ಲಿ ಚಿತ್ರಾನ್ನದ ಡಬ್ಬ, ಒಬ್ಬರ ಕೈಯಲ್ಲಿ ಚಾಪೆ. ಎಲ್ಲರೂ ಒಳ್ಳೆಯ ಸೀರೆ ಉಟ್ಟಿದ್ದರು. ಮಲಗುವುದಕ್ಕೆ ಇಷ್ಟು ಸಿಂಗಾರ ಮಾಡಿಕೊಂಡವರನ್ನು ನಾನು ನೋಡಿರಲಿಲ್ಲ. ಅಂಗಾಲು ನಮ್ಮ ಕಡೆಗೆ ಬರುವಂತೆ ಆರೂ ಜನ ಸಾಲಾಗಿ ಮಲಗಿದರು. ಹನ್ನೆರಡು ಪಾದ, ನಡುನಡುವೆ ಕಾಲುಂಗುರದ ಹೊಳಪು, ಅದರಾಚೆ ಸೀರೆಗಳ ಗುಡ್ಡಸಾಲು. ನಮ್ಮ ಸಂದಿಯಂಥ ಚೌಕಟ್ಟು ಅಂಚಿನಿಂದ ಅಂಚಿಗೆ ತುಂಬಿತು.

"ನಗಬೇಡ್ರೇ, ಕಾಲು ಕುಣಿಯುತ್ತೆ!" ಎಂದು ಅತ್ತೆ ಗದರಿದ್ದೇ ತಡ, ಆರೂ ಜನ ನಕ್ಕು ಹನ್ನೆರಡು ಪಾದಗಳೂ ಕುಣಿದವು. ಅತ್ತೆ ತುಳಿದರು. ಟಕಟಕ ಶಬ್ದ ಕೇಳಿದ ಕೂಡಲೇ ನಡುವೆ ಮಲಗಿದ್ದ ಒಬ್ಬರ ಬಲಗಾಲು ತನ್ನಷ್ಟಕ್ಕೆ ತಾನೇ ಪೆಡಲ್ ಒತ್ತಿದ ಹಾಗೆ ಆಡತೊಡಗಿತು. "ಅಯ್ಯೋ, ನಿಲ್ಲಿಸಿದ್ರೂ ನಿಲ್ತಾ ಇಲ್ಲಕ್ಕಾ!" ಎಂದು ಅವರೇ ಕೂಗಿದರು.

ಅಷ್ಟರಲ್ಲಿ ಬಟ್ಟೆ ಒಣಹಾಕಲು ಬಂದ ಓನರ್ ಆಂಟಿ ಮೆಟ್ಟಿಲ ತುದಿಯಲ್ಲೇ ಬಕೆಟ್ ಬಿಟ್ಟರು. "ಅಯ್ಯಯ್ಯೋ! ಏನಾಯ್ತು ಇವರಿಗೆಲ್ಲ?"

"ಏನಿಲ್ಲ ಆಂಟಿ, ಸಿನಿಮಾ ತೆಗೀತಾ ಇದೀವಿ."

ಅವರು ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಮಲಗೋದಷ್ಟೇನಾ? ನನಗೂ ಸೊಂಟ ಹಿಡ್ಕೊಂಡಿದೆ" ಎನ್ನುತ್ತಾ ಸಾಲಿನ ತುದಿಯಲ್ಲಿ ತಾವೂ ಉರುಳಿದರು. ಚೌಕಟ್ಟಿನಲ್ಲಿ ಜಾಗವಿರಲಿಲ್ಲ. ಅವರ ಪಾಲಿಗೆ ಒಂದು ಹೆಬ್ಬೆರಳು ಬಂದಿದೆ.

ಕೊನೆಯ ಪಟ್ಟಿಗೆ ಅತ್ತೆಯೂ ಸಾಲಿನ ಮುಂದೆ ಅಡ್ಡಲಾಗಿ ಮಲಗಬೇಕೆಂದು ಎಲ್ಲರೂ ಹಟ ಹಿಡಿದರು. ಹಾಗಾದರೆ ತುಳಿಯುವವರು ಯಾರು? ನಾನೇ ಕೂತೆ. ತುಳಿಯುವ ಮಿಷನ್ನಿನ ಮುಂದೆ ಮೊದಲ ಸಲ ಕೂತವರಿಗೆ ಗೊತ್ತಿರುತ್ತದೆ, ಗಾಲಿ ಮುಂದೆ ಹೋಗು ಅಂದರೆ ಹಿಂದೆ ಹೋಗುತ್ತದೆ. ಫಿಲ್ಮು ನಾಲ್ಕು ಹೊಲಿಗೆ ಮುಂದೆ, ಮೂರು ಹೊಲಿಗೆ ಹಿಂದೆ ಓಡಾಡಿತು.

"ಹಿಮ್ಮಡಿ ಒತ್ತೇ, ಹಿಮ್ಮಡಿ! ಗಾಲಿಗೆ ಕೈ ಕೊಡು!" ಅತ್ತೆ ಮಲಗಿದಲ್ಲಿಂದಲೇ ಕೈ ಬೀಸಿ ಹೇಳಿಕೊಡುತ್ತಿದ್ದರು. ಉಳಿದವರೂ ಸೇರಿಕೊಂಡರು. ಏಳು ಜನ ಮೇಷ್ಟರು, ಒಬ್ಬಳು ದಡ್ಡ ವಿದ್ಯಾರ್ಥಿನಿ.

ಆ ಪಟ್ಟಿ ಕೆಟ್ಟಿತು ಎಂದೇ ತೊಳೆದೆ. ಫಿಲ್ಮು ಹಿಂದೆ ಸರಿದ ಕಡೆಯಲ್ಲೆಲ್ಲ ಚಿತ್ರದ ಮೇಲೆ ಚಿತ್ರ ಕೂತಿತ್ತು. ಓಡಿಸಿ ನೋಡಿದರೆ ಅತ್ತೆ ಮಲಗಿದ್ದಾರೆ, ಅವರೊಳಗಿಂದ ಇನ್ನೊಬ್ಬ ಅತ್ತೆ ಕೈ ಬೀಸುತ್ತಿದ್ದಾರೆ, ಅವರ ಪಕ್ಕದಲ್ಲಿ ಮತ್ತೊಬ್ಬ ಅತ್ತೆ ಅರ್ಧ ಎದ್ದು ಬೈಯುತ್ತಿದ್ದಾರೆ. ಗಂಡ ಅದನ್ನು ನೋಡಿ, "ಒಬ್ಬರನ್ನೇ ಸಂಭಾಳಿಸೋಕೆ ಆಗಲ್ಲ, ಮೂರು ಜನಾನ ಮಾಡಿದೀಯಲ್ಲೇ" ಅಂದ. ಅತ್ತೆಗೆ ಮಾತ್ರ ಬಹಳ ಇಷ್ಟವಾಯಿತು. ಉಳಿದ ಪಟ್ಟಿಗಳ ಕೊನೆಗೆ ಅದನ್ನೂ ಸೇರಿಸಿ ಕಳಿಸು ಅಂದರು.

ಕಳಿಸಿದೆ. ಆಯ್ಕೆಯಾಯಿತು. ಗೋಡೆಯ ಮೇಲೆ ತೋರಿಸುತ್ತೇವೆ ಎಂದು ಗ್ಯಾಲರಿಯ ಹುಡುಗಿ ಫೋನ್ ಮಾಡಿದಾಗ ಅತ್ತೆ ಫೋನ್ ತೆಗೆದುಕೊಂಡರು. "ಗೋಡೆ ಬೇಡಮ್ಮಾ. ಮಲಗಿರೋರನ್ನ ನಿಂತ್ಕೊಂಡು ನೋಡೋದು ಚೆನ್ನಾಗಿರಲ್ಲ. ಮೇಲೆ ಸೂರಿಗೆ ಬಿಡಿ, ಕೆಳಗೆ ಚಾಪೆ ಹಾಕಿ." ಆ ಹುಡುಗಿ, "ಸೂಪರ್ ಆಂಟಿ" ಅಂದಳು.

ಪ್ರದರ್ಶನದ ದಿನ ಬೆಳಿಗ್ಗೆ ಎಲ್ಲರೂ ಬಸ್ಸು ಹತ್ತಿ ಹೋದೆವು. ಒಳಗೆ ಕತ್ತಲು ಕೋಣೆ, ನೆಲದ ತುಂಬ ಚಾಪೆ, ಸೂರಿನ ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಉದ್ದಕ್ಕೆ ಹನ್ನೆರಡು ಪಾದಗಳು. ಚಪ್ಪಲಿ ಬಿಟ್ಟು ಏಳೂ ಜನ ಮಲಗಿದರು. ಮೊದಲು "ಅದು ನಂದು, ಅದು ನಿಂದು" ಎಂಬ ಗಲಾಟೆ. ಆಮೇಲೆ ಮೂರು ಅತ್ತೆಯರು ಬಂದಾಗ ನಗು. ಚಿತ್ರ ಒಂದು ನಿಮಿಷದ್ದೂ ಅಲ್ಲ. ಮುಗಿದ ಕೂಡಲೇ ಮತ್ತೆ ಶುರುವಾಗುತ್ತದೆ.

"ಇದು ಯಾವಾಗ ಮುಗಿಯುತ್ತೆ?" ಒಬ್ಬರು ಕೇಳಿದರು.

"ಮುಗಿಯಲ್ಲ ಅಕ್ಕಾ. ಹಿಂಗೇ ತಿರುಗ್ತಾ ಇರುತ್ತೆ. ಸಾಕು ಅನ್ನಿಸ್ದಾಗ ಏಳಬಹುದು."

ಯಾರೂ ಏಳಲಿಲ್ಲ. ಬಾಗಿಲಲ್ಲಿ ಗಡ್ಡದ ಯುವಕರು, ದೊಡ್ಡ ಕನ್ನಡಕದ ಹುಡುಗಿಯರು ಬಂದು, ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಶೂ ಬಿಚ್ಚಿ ಸಿಕ್ಕಲ್ಲಿ ಮಲಗಿದರು. ನನ್ನ ಪಕ್ಕದ ಹುಡುಗ ಮೆಲ್ಲಗೆ ಕೇಳಿದ, "ಇದರಲ್ಲಿ ಸ್ಪೀಡ್ ಹೆಚ್ಚು ಕಮ್ಮಿ ಆಗ್ತಾ ಇದೆಯಲ್ಲ, ಅದು ಹೇಗೆ ಡಿಸೈನ್ ಮಾಡಿದ್ರಿ?" ನಾನು ಅತ್ತೆಯ ಕಡೆ ಕೈ ತೋರಿಸಿದೆ. "ಅವರನ್ನ ಕೇಳಿ. ತುಳಿದವರು ಅವರೇ." ಅವನು ತೆವಳಿಕೊಂಡೇ ಅವರತ್ತ ಹೋದ. ಅತ್ತೆ ಮಲಗಿಕೊಂಡೇ ಅವನಿಗೆ ಹಲ್ಲು, ಹೊಲಿಗೆ, ಹಿಮ್ಮಡಿಯ ಪಾಠ ಮಾಡುವುದು ಕತ್ತಲಲ್ಲಿ ಕೇಳುತ್ತಿತ್ತು. ನಡುವೆ ಒಮ್ಮೆ, "ನಿನ್ನ ಕಾಲರ್ ಒಂದು ಕಡೆ ಎದ್ದಿದೆ ಕಣಪ್ಪಾ, ಒಳಗಡೆ ಕ್ಯಾನ್ವಾಸ್ ಸರಿಯಾಗಿ ಹಾಕಿಲ್ಲ" ಅಂದಿದ್ದೂ ಕೇಳಿತು.

ಹೊರಡುವಾಗ ಬಾಗಿಲ ಬಳಿ ಅಭಿಪ್ರಾಯ ಬರೆಯುವ ಪುಸ್ತಕವಿತ್ತು. ನಮಗಿಂತ ಮೊದಲು ಹೊರಟವರು ಅದರಲ್ಲಿ ಶ್ರಮ, ದೇಹ, ಕಾಲ ಎಂದೆಲ್ಲ ಉದ್ದುದ್ದ ಬರೆದಿದ್ದರು. ಹೆಂಗಸರು ಏನು ಬರೆಯುವುದೆಂದು ಒಬ್ಬರಿಗೊಬ್ಬರು ಪೆನ್ನು ದಾಟಿಸಿದರು. ಕೊನೆಗೆ ಅತ್ತೆ ತೆಗೆದುಕೊಂಡು, ಗುಂಡಗೆ, ನಿಧಾನವಾಗಿ ಬರೆದರು: "ಚಾಪೆ ಚೆನ್ನಾಗಿತ್ತು. ಫ್ಯಾನು ಇನ್ನೂ ಸ್ವಲ್ಪ ಜೋರಾಗಿ ಹಾಕಬೇಕು." ಅದರ ಕೆಳಗೆ ಉಳಿದ ಆರೂ ಜನ ಒಬ್ಬೊಬ್ಬರಾಗಿ ಸಹಿ ಹಾಕಿದರು.