ಸಹಿ ಡಾಕ್ಟ್ರು ಬರೆದ ಒಂದು ಸಾಲು

ಊರಲ್ಲಿ ಎಲ್ಲರೂ ಅವರನ್ನು ಸಹಿ ಡಾಕ್ಟ್ರು ಅನ್ನುತ್ತಿದ್ದರು. ಜ್ವರ, ಕೆಮ್ಮು ಅಂತ ಅವರ ಬಳಿ ಹೋಗುವವರು ಯಾರೂ ಇರಲಿಲ್ಲ. ಬಸ್ಸು, ಲಾರಿ, ಟ್ಯಾಂಕರ್ ಓಡಿಸುವವರು ಎರಡು ವರ್ಷಕ್ಕೊಮ್ಮೆ ಅವರ ಮುಂದೆ ನಿಂತು ಕಣ್ಣು, ಕಿವಿ, ರಕ್ತದೊತ್ತಡ, ಸಕ್ಕರೆ ಎಲ್ಲ ತೋರಿಸಿ, ‘ಈತ ವಾಹನ ಓಡಿಸಲು ಅರ್ಹ’ ಎಂಬ ಹಾಳೆಗೆ ಸಹಿ ಹಾಕಿಸಿಕೊಂಡು ಹೋಗಬೇಕಿತ್ತು. ಆ ಸಹಿ ಇಲ್ಲದಿದ್ದರೆ ಡಿಪೋದಲ್ಲಿ ಗಾಡಿಯ ಕೀಲಿ ಕೊಡುತ್ತಿರಲಿಲ್ಲ. “ನಮ್ಮ ಡಾಕ್ಟ್ರು ಯಾರನ್ನೂ ವಾಸಿ ಮಾಡಿಲ್ಲ, ಪುಣ್ಯಕ್ಕೆ ಯಾರನ್ನೂ ಕೊಂದೂ ಇಲ್ಲ” ಎಂದು ಡ್ರೈವರುಗಳು ಅವರ ಎದುರೇ ನಗುತ್ತಿದ್ದರು. ಅವರೂ ನಗುತ್ತಿದ್ದರು.

ಡಿಪೋದ ಗೇಟಿನ ಎದುರಿಗೆ, ಟೈರು ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಕ್ಲಿನಿಕ್ಕು. ಹೊರಗಿನ ಕೋಣೆಯಲ್ಲಿ ಒಂದು ಬೆಂಚು, ನರ್ಸಮ್ಮನ ಮೇಜು, ತೂಕದ ಯಂತ್ರ. ಒಳಗಿನದು ಅಗಲ ಕಡಿಮೆ, ಉದ್ದ ಜಾಸ್ತಿ. ಕಣ್ಣಿನ ಬೋರ್ಡಿಗೆ ಇಪ್ಪತ್ತು ಅಡಿ ದೂರ ಬೇಕೆಂದು ಹುಡುಕಿ ಹಿಡಿದ ಕೋಣೆ. ಕೆಳಗಿನಿಂದ ಸದಾ ರಬ್ಬರಿನ ವಾಸನೆ ಬರುತ್ತಿತ್ತು. ಡ್ರೈವರುಗಳು ಬೋರ್ಡಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆಂದು ಡಾಕ್ಟರು ನಾಲ್ಕು ಬೋರ್ಡು ಇಟ್ಟುಕೊಂಡು ದಿನಕ್ಕೊಂದನ್ನು ನೇತುಹಾಕುತ್ತಿದ್ದರು. ಒಬ್ಬ ಲಾರಿಯವನು ಕೊನೆಯ ಸಾಲಿನವರೆಗೂ ಗಿಣಿಪಾಠ ಒಪ್ಪಿಸಿದಾಗ, “ಚೆನ್ನಾಗಿ ಹೇಳಿದ್ರಿ. ಆದ್ರೆ ಅದು ನಿನ್ನೆ ಬೋರ್ಡು” ಅಂದಿದ್ದರು. ಇಂಥದ್ದರಲ್ಲಿ ಅವರು ಕಟ್ಟುನಿಟ್ಟು. ಇಪ್ಪತ್ತೆಂಟು ವರ್ಷದಲ್ಲಿ ಕಾಣದ್ದನ್ನು ಕಂಡೆನೆಂದು, ಕಂಡದ್ದನ್ನು ಕಾಣಲಿಲ್ಲವೆಂದು ಒಂದು ಅಕ್ಷರವೂ ಬರೆದವರಲ್ಲ. ಮದುವೆಯಾಗಿರಲಿಲ್ಲ. ಯಾಕೆಂದು ಜನ ಕೇಳುವ ವಯಸ್ಸೂ ದಾಟಿತ್ತು. ಮನೆಯಲ್ಲಿ ಅವರು ಮತ್ತು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದ ಅಕ್ಕ, ಇಬ್ಬರೇ.

ಅವರಿಗೆ ಇದ್ದ ಗೆಳೆಯನೂ ಒಬ್ಬನೇ. ಅವನೊಬ್ಬ ಬಸ್ ಡ್ರೈವರ್. ಅವನ ಬಸ್ಸು ಸ್ಟ್ಯಾಂಡಿಗೆ ಬಂದ ಹೊತ್ತಿಗೆ ಅಂಗಡಿಯವರು ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ, ಹಾಗಾಗಿ ಅವನಿಗೆ ಗಡಿಯಾರ ಎಂದೇ ಹೆಸರು ಬಿದ್ದಿತ್ತು. ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಅವನ ಬಸ್ಸು ಡಿಪೋಗೆ ಬರುತ್ತಿತ್ತು, ಒಂದಕ್ಕೆ ಮತ್ತೆ ಹೊರಡುತ್ತಿತ್ತು. ನಡುವಿನ ಐವತ್ತು ನಿಮಿಷ ಅವನು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದು ಡಾಕ್ಟರ ಜೊತೆ ಚದುರಂಗಕ್ಕೆ ಕೂರುತ್ತಿದ್ದ. ಡಾಕ್ಟರು ಯೋಚಿಸಿ ಯೋಚಿಸಿ ಸೋಲುತ್ತಿದ್ದರು. ಅವನು ಊಟ ಮಾಡುತ್ತಾ, ಹರಟುತ್ತಾ, ಎಡಗೈಯಲ್ಲಿ ಕಾಯಿ ನಡೆಸಿ ಗೆಲ್ಲುತ್ತಿದ್ದ. “ಡಾಕ್ಟ್ರೇ, ನಿಮ್ಮ ಮಂತ್ರಿಗೂ ಒಂದ್ಸಲ ಕಣ್ಣು ಪರೀಕ್ಷೆ ಮಾಡಿಸಿ, ಕುದುರೆ ಎದುರಿಗಿದ್ರೂ ಕಾಣಲ್ಲ ಅವನಿಗೆ” ಅನ್ನುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಒಂದು ದಿನ ಬೆಳಿಗ್ಗೆ ಅವನ ಹೆಂಡತಿ ಕ್ಲಿನಿಕ್ಕಿಗೆ ಬಂದಳು. ಬೆಂಚು ಖಾಲಿಯಾಗುವವರೆಗೆ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ನರ್ಸಮ್ಮ ಟೀ ತರಲು ಇಳಿದ ಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

“ಮುಂದಿನ ವಾರ ಅವರ ಪರೀಕ್ಷೆ ಅಲ್ವಾ ಡಾಕ್ಟ್ರೇ?”

“ಹೌದಮ್ಮ. ಅವರಿಗೇನು, ಕಲ್ಲುಗುಂಡು ಇದ್ದ ಹಾಗಿದ್ದಾರೆ.”

“ಸಹಿ ಹಾಕ್ಬೇಡಿ.”

ಡಾಕ್ಟರಿಗೆ ತಾವು ಸರಿಯಾಗಿ ಕೇಳಿಸಿಕೊಂಡೆವೋ ಇಲ್ಲವೋ ಅನ್ನಿಸಿತು. ಅವಳು ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದಳು. ಆರು ತಿಂಗಳಿಂದ ಅವನು ಇದ್ದಕ್ಕಿದ್ದ ಹಾಗೆ ಕಲ್ಲಾಗಿಬಿಡುತ್ತಾನೆ. ಕಣ್ಣು ತೆರೆದೇ ಇರುತ್ತದೆ, ಆದರೆ ನೋಟ ಇರುವುದಿಲ್ಲ. ತುಟಿ ಚಪ್ಪರಿಸುತ್ತಾನೆ, ಅಂಗಿಯ ಗುಂಡಿ ತಡಕುತ್ತಾನೆ. ಕೂಗಿದರೆ ಕೇಳುವುದಿಲ್ಲ. ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಆಮೇಲೆ ಏನೂ ಆಗದವನ ಹಾಗೆ ಬಿಟ್ಟ ಮಾತು ಮುಂದುವರಿಸುತ್ತಾನೆ. ಹಾಗಾದದ್ದು ಅವನಿಗೇ ಗೊತ್ತಿಲ್ಲ.

ಕೇಳುತ್ತಿದ್ದಂತೆ ಡಾಕ್ಟರಿಗೆ ಒಂದು ಮಧ್ಯಾಹ್ನ ನೆನಪಾಯಿತು. ಹೋದ ತಿಂಗಳು ಆಟದ ನಡುವೆ ಅವನು ಆನೆಯನ್ನು ಎತ್ತಿ ಹಿಡಿದು ಹಾಗೇ ಕೂತುಬಿಟ್ಟಿದ್ದ. ಭಾರಿ ಯೋಚನೆಯಲ್ಲಿದ್ದಾನೆಂದು ಇವರು ಒಳಗೊಳಗೇ ಖುಷಿಪಟ್ಟಿದ್ದರು. ಆಮೇಲೆ ಅವನು, “ಆಟ ಯಾರದು?” ಎಂದು ಕೇಳಿದ್ದ.

“ಐವತ್ತು ಜನರನ್ನ ಕೂರಿಸ್ಕೊಂಡು ಹೋಗೋ ಗಾಡಿ ಡಾಕ್ಟ್ರೇ. ಶಾಲೆ ಮಕ್ಕಳಿರ್ತವೆ. ನಂಗೆ ರಾತ್ರಿ ನಿದ್ದೆ ಹತ್ತಲ್ಲ.”

“ಹೌದು. ಓಡಿಸೋ ಹಾಗಿಲ್ಲ. ಮನೆಯವರು ಕಂಡಿದ್ದಾರೆ ಅಂತ ಬರೀತೀನಿ, ಅಷ್ಟು ಸಾಕು.”

“ಅಯ್ಯೋ, ಬೇಡ.” ಅವಳು ಎದ್ದೇ ನಿಂತಳು. “ನಾನು ಹೇಳಿದೆ ಅಂತ ಅವರಿಗೆ ಗೊತ್ತಾಗ್ಬಾರದು. ನಂಬಲ್ಲ ಅಂತಲ್ಲ, ನಂಬ್ತಾರೆ. ನಂಬಿ, ಇವಳೇ ನನ್ನ ಕೈಯಿಂದ ಸ್ಟೀರಿಂಗ್ ಕಿತ್ಕೊಂಡ್ಲು ಅಂತ ದಿನಾ ನನ್ನ ಮುಖ ನೋಡ್ಕೊಂಡು ಊಟ ಮಾಡ್ಬೇಕಲ್ಲ. ಹೊರಗಡೆ ಯಾರು ಬೇಕಾದ್ರೂ ಅವರಿಗೆ ಶತ್ರು ಆಗ್ಲಿ. ಮನೆಯೊಳಗೆ ಒಬ್ಬಳಾದ್ರೂ ಅವರ ಕಡೆ ಇರ್ಬೇಕು.”

ಡಾಕ್ಟರು ಎದ್ದು ಹೋಗಿ ಬಾಗಿಲು ತೆರೆದರು. “ಹೋಗಿ ಬನ್ನಿ, ನೋಡೋಣ” ಎಂದರು.

ಒಂದು ವಾರ ಅವರಿಗೆ ಅನ್ನ ರುಚಿಸಲಿಲ್ಲ. ಆನೆ ಹಿಡಿದು ಕೂತದ್ದನ್ನೇ ಬರೆಯೋಣವೆಂದರೆ, ಅದು ಯೋಚನೆಯೋ ಕಾಯಿಲೆಯೋ ಎಂದು ಮೇಲಿನವರು ಕೇಳಿದಾಗ ಎದೆ ಮುಟ್ಟಿಕೊಂಡು ಹೇಳಲಾರರು. ದೊಡ್ಡಾಸ್ಪತ್ರೆಗೆ ಮೆದುಳಿನ ಪರೀಕ್ಷೆಗೆ ಕಳಿಸಬಹುದು, ಆದರೆ ಅಲ್ಲಿಯ ಯಂತ್ರ ಎಷ್ಟೋ ಸಲ ಇಂಥ ಮೂರ್ಛೆರೋಗವನ್ನು ಹಿಡಿಯುವುದಿಲ್ಲ. ಅಷ್ಟರಲ್ಲಿ ಅವನು ಬಸ್ಸು ಓಡಿಸುತ್ತಲೇ ಇರುತ್ತಾನೆ.

ಪರೀಕ್ಷೆಯ ದಿನ ಅವನು ಇಸ್ತ್ರಿ ಮಾಡಿದ ಖಾಕಿ ಅಂಗಿಯಲ್ಲಿ ಬಂದ. ನರ್ಸಮ್ಮ ಒಳಗೇ ಇದ್ದು ರಕ್ತದೊತ್ತಡ ನೋಡಿದರು. ಡಾಕ್ಟರು ಹಾಳೆಯ ಪ್ರಶ್ನೆಗಳನ್ನು ಓದಿದರು.

“ಯಾವತ್ತಾದರೂ ಪ್ರಜ್ಞೆ ತಪ್ಪಿದ್ದುಂಟಾ?”

“ನೀವು ಗೆದ್ದ ದಿನ ತಪ್ಪಬಹುದು. ಆ ದಿನ ಇನ್ನೂ ಬಂದಿಲ್ಲ.”

ಅವನು ಬೋರ್ಡಿನ ಎದುರು ನಿಂತು ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಓದಿದ. ಒಂದು ಕ್ಷಣವೂ ತಡವರಿಸಲಿಲ್ಲ. ಡಾಕ್ಟರು ಕುರ್ಚಿಗೆ ಬಂದು ಕೂತು, ಪೆನ್ನಿನ ಕ್ಯಾಪು ತೆಗೆದು ಬರೆದರು: ‘ಪರೀಕ್ಷೆಯ ವೇಳೆ ಸುಮಾರು ನಲವತ್ತು ಸೆಕೆಂಡು ಈತನಿಗೆ ಪ್ರಜ್ಞೆ ಇಲ್ಲದಿದ್ದುದನ್ನು ನಾನೇ ಕಂಡಿದ್ದೇನೆ. ವಾಹನ ಓಡಿಸಲು ಅನರ್ಹ.’ ಸಹಿ ಹಾಕಿ, ಹಾಳೆಯನ್ನು ಅವನ ಕಡೆ ತಿರುಗಿಸಿದರು.

ಅವನು ಮೊದಲು ತಮಾಷೆ ಎಂದುಕೊಂಡ. ಎರಡನೇ ಸಲ ಓದಿದ ಮೇಲೆ ಮುಖ ಬಿಳಿಚಿತು.

“ನಂಗಾ? ಈಗ? ಇಲ್ಲಿ?”

“ನಿಮಗೆ ಗೊತ್ತಾಗಲ್ಲ. ಈ ಕಾಯಿಲೇನೇ ಹಾಗೆ.”

“ನರ್ಸಮ್ಮ, ನೀವು ನೋಡಿದ್ರಾ?”

ನರ್ಸಮ್ಮ ಡಾಕ್ಟರ ಮುಖ ನೋಡಿದರು. ಆಮೇಲೆ ರಕ್ತದೊತ್ತಡದ ಪಟ್ಟಿಯನ್ನು ಸುತ್ತತೊಡಗಿದರು.

“ಹತ್ತೊಂಬತ್ತು ವರ್ಷ ಡಾಕ್ಟ್ರೇ,” ಎಂದ ಅವನು. ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಮೆಟ್ಟಿಲಿಳಿದು ಹೋದ. ಆ ಮಧ್ಯಾಹ್ನ ಒಂದು ಗಂಟೆಯ ಬಸ್ಸನ್ನು ಬೇರೆ ಯಾರೋ ಓಡಿಸಿಕೊಂಡು ಹೋದರು.

ಸಂಜೆ ಬಾಗಿಲು ಹಾಕುವಾಗ ನರ್ಸಮ್ಮ ಕೇಳಿದರು: “ನಾನೂ ಅಲ್ಲೇ ಇದ್ದೆನಲ್ಲ ಡಾಕ್ಟ್ರೇ?”

“ಇದ್ರಿ.”

“ನಾಳೆ ಯಾರಾದ್ರೂ ನನ್ನ ಕೇಳಿದ್ರೆ?”

“ಕಂಡದ್ದನ್ನ ಕಂಡ ಹಾಗೇ ಹೇಳಿ. ನನಗೋಸ್ಕರ ನೀವು ಸುಳ್ಳು ಹೇಳೋದು ಬೇಡ.”

ಡ್ರೈವರ್ ಮೇಲಿನವರಿಗೆ ದೂರು ಕೊಟ್ಟ. ವಿಚಾರಣೆಗೆ ಬಂದ ಅಧಿಕಾರಿ ನರ್ಸಮ್ಮನನ್ನು ಕೇಳಿದಾಗ ಅವರು, “ನಾನು ಬಾಟಲಿ ತೊಳೀತಿದ್ದೆ, ಬೆನ್ನು ಈ ಕಡೆ ಇತ್ತು” ಎಂದರು. ಅಂದು ಅವರು ಬಾಟಲಿ ಮುಟ್ಟಿಯೇ ಇರಲಿಲ್ಲ. ಡಾಕ್ಟರು ತಲೆ ತಗ್ಗಿಸಿ ಕೂತಿದ್ದರು. ದೊಡ್ಡಾಸ್ಪತ್ರೆಯ ಯಂತ್ರದಲ್ಲಿ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಆದರೂ ಕಣ್ಣಾರೆ ಕಂಡ ಡಾಕ್ಟರ ಮಾತು ದೊಡ್ಡದೆಂದು ಅಲ್ಲಿಯವರು ದಿನಕ್ಕೆರಡು ಮಾತ್ರೆ ಬರೆದುಕೊಟ್ಟರು. ‘ಅನರ್ಹ’ ಎಂಬುದು ಅನರ್ಹವಾಗಿಯೇ ಉಳಿಯಿತು. ಅವನನ್ನು ಡಿಪೋದ ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿಯ ಕಿಟಕಿಯಿಂದ ಅವನು ಉಳಿದವರಿಗೆ ಬಲ್ಬು, ಬೆಲ್ಟು, ನಟ್ಟು ಎತ್ತಿಕೊಡುತ್ತಿದ್ದ.

ಡಾಕ್ಟರು ಎದುರಾದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, “ಆಟದಲ್ಲಿ ಗೆಲ್ಲೋಕಾಗದೆ ಹಾಳೆ ಮೇಲೆ ಗೆದ್ದ” ಅನ್ನುತ್ತಿದ್ದ. ಡ್ರೈವರುಗಳೂ ಮೊದಲಿನ ಹಾಗೆ ನಗುವುದನ್ನು ಬಿಟ್ಟರು. ಬಂದರೆ ಹೆದರಿ ನಿಲ್ಲುತ್ತಿದ್ದರು, ಸಹಿ ಆದೊಡನೆ ಹೊರಡುತ್ತಿದ್ದರು. ಮಧ್ಯಾಹ್ನದ ಆ ಐವತ್ತು ನಿಮಿಷ ಏನು ಮಾಡುವುದೆಂದು ಡಾಕ್ಟರಿಗೆ ತಿಳಿಯುತ್ತಿರಲಿಲ್ಲ. ಕೆಲವು ದಿನ ಪೇಪರು ಓದಿದರು, ಕೆಲವು ದಿನ ಮಲಗಿ ನೋಡಿದರು, ಕೊನೆಗೆ ಆ ಹೊತ್ತಿಗೂ ಡ್ರೈವರುಗಳನ್ನು ಬರಹೇಳಿದರು.

ಡ್ರೈವರ ಹೆಂಡತಿ ಮಾತ್ರ ತರಕಾರಿ ಅಂಗಡಿಯಲ್ಲಿ ಎಂದಾದರೊಮ್ಮೆ ಸಿಗುತ್ತಿದ್ದಳು. ಆಚೀಚೆ ನೋಡಿ, ಬದನೆಕಾಯಿ ಆರಿಸುವ ನೆಪದಲ್ಲಿ ಹತ್ತಿರ ಬರುತ್ತಿದ್ದಳು.

“ನಿನ್ನೆನೂ ನಿಮ್ಮನ್ನ ಬೈದೆ ಡಾಕ್ಟ್ರೇ.”

“ಚೆನ್ನಾಗಿ ಬೈದ್ರಾ?”

“ಅವರು ಒಂದು ಅಂದ್ರೆ ನಾನು ಎರಡು ಅಂತೀನಿ. ಅವರಿಗೆ ಸಮಾಧಾನ ಆಗುತ್ತೆ.” ನಗಲು ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. “ನಿಮ್ಮ ಋಣ ಯಾವ ಜನ್ಮದಲ್ಲಿ ತೀರಿಸ್ಲಿ?”

“ಮಾತ್ರೆ ತಗೋತಾರಾ?”

“ದಿನಾ ಎರಡು ಹೊತ್ತೂ ನಾನೇ ಅಂಗೈ ಮೇಲಿಡ್ತೀನಿ. ಗೊಣಗ್ತಾರೆ, ನುಂಗ್ತಾರೆ. ಈಗ ಹಾಗೆ ಆಗೋದು ಪೂರ್ತಿ ನಿಂತಿದೆ.”

“ಅಷ್ಟಾದ್ರೆ ಸಾಕಮ್ಮ.”

ಎಂಟನೇ ವರ್ಷ ಅವಳಿಗೇ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಗೊತ್ತಾದ ನಾಲ್ಕು ತಿಂಗಳಿಗೆ ತೀರಿಕೊಂಡಳು. ಡಾಕ್ಟರು ಸುದ್ದಿ ಕೇಳಿದ ದಿನ ಕ್ಲಿನಿಕ್ಕು ಮುಚ್ಚಿ ಮನೆಯಲ್ಲಿ ಕೂತರು. ಹೋಗುವ ಧೈರ್ಯ ಬರಲಿಲ್ಲ. ಎರಡು ವಾರದ ಮೇಲೆ, ಶೇವ್ ಮಾಡಿಕೊಳ್ಳುತ್ತಿದ್ದವರಿಗೆ ತಟ್ಟನೆ ಹೊಳೆಯಿತು: ಅವನ ಅಂಗೈ ಮೇಲೆ ಈಗ ಮಾತ್ರೆ ಇಡುವವರು ಯಾರು? ಅರ್ಧ ಮುಖದ ಸೋಪನ್ನು ಹಾಗೇ ಒರೆಸಿಕೊಂಡು ಹೊರಟರು.

ಬಾಗಿಲು ತೆರೆದೇ ಇತ್ತು. ಅವನು ಹೊರಕೋಣೆಯಲ್ಲಿ ಬನಿಯನ್ನಿನಲ್ಲಿ ಕೂತಿದ್ದ. ದೂರದ ಊರಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಒಳಗೆ ಪಾತ್ರೆ ಜೋಡಿಸುತ್ತಿದ್ದಳು. ಡಾಕ್ಟರನ್ನು ಕಂಡು ಅವನು ಎದ್ದೇಳಲಿಲ್ಲ, ಹೋಗೆನ್ನಲೂ ಇಲ್ಲ.

“ಮಾತ್ರೆ ತಗೋತಿದ್ದೀರಾ?” ಡಾಕ್ಟರಿಗೆ ಬೇರೆ ಮಾತೇ ಬರಲಿಲ್ಲ.

“ಹೆಂಡತಿ ಸತ್ತ ಮನೆಗೆ ಬಂದು ಕೇಳೋ ಮಾತಾ ಇದು?”

“ತಪ್ಪಾಯ್ತು. ಆದ್ರೂ ಬಿಡ್ಬೇಡಿ.”

ಅವನು ಗೋಡೆ ನೋಡುತ್ತಾ ಹೇಳಿದ: “ಒಂದು ಕೇಳ್ತೀನಿ. ಈಗ ನಿಮಗೂ ವಯಸ್ಸಾಯ್ತು, ನಂಗೂ ಆಯ್ತು. ಒಂದೇ ಒಂದು ಸಲ ನಿಜ ಹೇಳಿ. ಆವತ್ತು ನೀವು ನಿಜವಾಗ್ಲೂ ನೋಡಿದ್ರಾ?”

ಒಳಗೆ ಪಾತ್ರೆಯ ಸದ್ದು ನಿಂತಿತು. ಡಾಕ್ಟರಿಗೆ ತಾವು ಇಲ್ಲ ಅಂದುಬಿಟ್ಟರೆ ಏನಾದೀತೆಂದು ಕಾಣುತ್ತಿತ್ತು. ಹಾಗಾದರೆ ಯಾರು ನೋಡಿದ್ದು ಎಂದು ಅವನು ಕೇಳುತ್ತಾನೆ. ಈ ಮನೆಯಲ್ಲಿ ಅವನ ಜೊತೆಗಿದ್ದವಳು ಒಬ್ಬಳೇ.

“ನೋಡಿದೆ,” ಎಂದರು.

“ಸರಿ. ಹೋಗಿ.” ಅವನ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. “ಅವಳೊಬ್ಬಳೇ ನನ್ನ ನಂಬಿದ್ದು. ಕೊನೇ ತನಕ ಬೈತಾ ಇದ್ಲು ನಿಮ್ಮನ್ನ.”

“ಗೊತ್ತು,” ಎಂದು ಬಾಯಿಗೆ ಬಂದದ್ದನ್ನು ಡಾಕ್ಟರು ನುಂಗಿಕೊಂಡು ಹೊರಬಂದರು.

ಮರುದಿನದಿಂದ ಅವನಿಗೆ ಮಾತ್ರೆ ಕೊಡುವ ಕೆಲಸವನ್ನು ನರ್ಸಮ್ಮ ವಹಿಸಿಕೊಂಡರು. ಅವರ ಮನೆ ಅದೇ ಬೀದಿಯ ಕೊನೆಯಲ್ಲಿತ್ತು. ಕೆಲಸಕ್ಕೆ ಬರುವಾಗೊಮ್ಮೆ, ಹೋಗುವಾಗೊಮ್ಮೆ ಅವನ ಬಾಗಿಲು ತಟ್ಟಿ, ದೊಡ್ಡಾಸ್ಪತ್ರೆಯವರು ಕಳಿಸಿದ್ದೆಂದು ಮಾತ್ರೆ ಕೊಟ್ಟು, ನುಂಗುವವರೆಗೆ ನಿಂತಿರುತ್ತಿದ್ದರು. ಕ್ಲಿನಿಕ್ಕಿಗೆ ಬಂದು ಚಪ್ಪಲಿ ಬಿಡುತ್ತಾ, “ಆಯ್ತು” ಎನ್ನುತ್ತಿದ್ದರು. ಡಾಕ್ಟರು ತಲೆಯಾಡಿಸುತ್ತಿದ್ದರು. ಅದರ ಬಗ್ಗೆ ಅವರಿಬ್ಬರೂ ಬೇರೆ ಒಂದು ಮಾತೂ ಆಡಿದವರಲ್ಲ.

ಹೀಗೆ ಮೂರು ವರ್ಷ ಕಳೆಯಿತು. ಒಂದು ಬೆಳಿಗ್ಗೆ ನರ್ಸಮ್ಮ ಬಾಗಿಲು ತಟ್ಟಿದರೆ ಅವನು ತೆರೆಯಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತುಹೋಗಿತ್ತು. ಅದಕ್ಕೂ ಆ ಕಾಯಿಲೆಗೂ ಸಂಬಂಧವಿಲ್ಲವೆಂದು ನೋಡಿದ ವೈದ್ಯರು ಹೇಳಿದರು.

ಈ ಸಲ ಡಾಕ್ಟರು ಹೋದರು. ಮನೆಯ ಮುಂದೆ ಹಳೆಯ ಡ್ರೈವರುಗಳೆಲ್ಲ ಸೇರಿದ್ದರು. ಡಾಕ್ಟರನ್ನು ನೋಡಿ ಕೆಲವರು ಮುಖ ತಿರುಗಿಸಿದರು. ಗೇಟಿನ ಹತ್ತಿರ ಬಂದಾಗ ಮಗಳೇ ಹೊರಗೆ ಬಂದಳು. ಅತ್ತು ಅತ್ತು ಅವಳ ದನಿ ಬಿದ್ದಿತ್ತು.

“ಡಾಕ್ಟ್ರೇ, ಅಮ್ಮ ಹೋಗೋಕೆ ಮುಂಚೆ ನಂಗೆ ಎಲ್ಲಾ ಹೇಳಿದ್ಲು.”

ಡಾಕ್ಟರು ಗೇಟಿನ ಕಂಬಿ ಹಿಡಿದುಕೊಂಡರು.

“ಅಪ್ಪನಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು. ಅವಳು ಹೋದ ಮೇಲೆ ನೀವು ಬಂದಿದ್ದಾಗ ನಾನು ಒಳಗಿದ್ದೆ. ಎಲ್ಲಾ ಕೇಳಿಸ್ತು. ಆದ್ರೆ ಅಪ್ಪ ಹೋದ ತಿಂಗಳು ಬಾಯಿಬಿಟ್ಟು ಹೇಳಿದ್ರು, ನಾನು ಸತ್ತರೆ ಆ ಮನುಷ್ಯ ನನ್ನ ಮುಖ ನೋಡ್ಬಾರದು ಅಂತ. ಇಷ್ಟು ಜನರ ಎದುರಿಗೆ ಹೇಳಿದ್ದಾರೆ. ನಾನು ಏನು ಮಾಡ್ಲಿ, ನೀವೇ ಹೇಳಿ.”

“ಅವರ ಮಾತೇ ನಡೀಲಮ್ಮ.”

“ನೀವು ಬೇಜಾರು ಮಾಡ್ಕೋಬಾರದು.”

“ಇಲ್ಲಮ್ಮ. ನೀನು ಒಳಗೆ ಹೋಗು, ಕೆಲಸ ಇರುತ್ತೆ.”

ಅವಳು ಬಗ್ಗಿ ಅವರ ಕಾಲು ಮುಟ್ಟಲು ಹೋದಳು. ಜನ ನೋಡುತ್ತಿದ್ದಾರೆಂದು ಡಾಕ್ಟರು ಸರಕ್ಕನೆ ಹಿಂದೆ ಸರಿದರು. ರಸ್ತೆಯ ಆಚೆ, ಮುಚ್ಚಿದ ಅಂಗಡಿಯೊಂದರ ಜಗುಲಿಯ ಮೇಲೆ ಹೋಗಿ ನಿಂತರು. ನಾಲ್ವರು ಅವನನ್ನು ಎತ್ತಿ ತಂದು ವ್ಯಾನಿನಲ್ಲಿ ಮಲಗಿಸಿದರು. ಬಿಳಿ ಬಟ್ಟೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ನಡೆದು ಮನೆಗೆ ಬಂದರು.

ಅಕ್ಕ ಬಾಗಿಲಲ್ಲೇ ಕೂತಿದ್ದಳು. “ಇಷ್ಟು ಬೇಗ ಬಂದ್ಯಲ್ಲೋ, ಮುಖ ನೋಡಿದ್ಯಾ?”

“ಜನ ಜಾಸ್ತಿ ಇದ್ರು ಅಕ್ಕ,” ಎಂದು ಡಾಕ್ಟರು ಒಳಗೆ ಹೋಗಿ, ತಂಬಿಗೆಯ ನೀರನ್ನು ನಿಂತಲ್ಲೇ ಕುಡಿದರು.