ತೊಗಲಿನ ಬೂಟು, ಬಾವಿಯ ನೀರು

ಅಕ್ಕನ ಎಡಗಾಲು ಎಳೆತನದ ಜ್ವರದಲ್ಲಿ ಬಲ ಕಳೆದುಕೊಂಡಿತ್ತು. ಆಡೂರಿನ ನಮ್ಮ ಮನೆಯಲ್ಲಿ ಅವಳು ನೆಲಕ್ಕೆ ಕೈಯೂರಿ ಸರಿಯುತ್ತ ಓಡಾಡುತ್ತಿದ್ದಳು. ಅಡಿಗೆಗೆ ಅದು ಅಡ್ಡಿಯಾಗಿರಲಿಲ್ಲ, ಒಲೆ ಇದ್ದದ್ದು ನೆಲದ ಮೇಲೆಯೇ. ಆದರೆ ಅಡಿಗೆಗೂ ಪೂಜೆಗೂ ಮಡಿನೀರು ಬೇಕು. ಸ್ನಾನ ಮಾಡಿ, ಮಡಿಸೀರೆ ಉಟ್ಟು, ಹಿತ್ತಲ ಬಾವಿಯಿಂದ ಸೇದಿ, ಯಾರನ್ನೂ ಮುಟ್ಟದೆ ಒಳಗೆ ತರಬೇಕು. ಅದು ನಿಂತು ಮಾಡುವ ಕೆಲಸ.

ಅಣ್ಣನ ಮದುವೆ ಗೊತ್ತಾದಾಗಿನಿಂದ ಅವ್ವನಿಗೆ ಇದೇ ಚಿಂತೆ. "ಇಕಿ ನೀರು ತರೂ ಹಂಗಾದ್ರ ಸಾಕು. ನಾ ಹ್ವಾದ ಮ್ಯಾಲೂ ಈ ಮನ್ಯಾಗ ಇಕಿಗೊಂದು ಜಾಗಾ ಇರ್ತದ," ಅನ್ನುತ್ತಿದ್ದಳು.

ಹಾನಗಲ್ಲಿಗೆ ಆಗಾಗ ಬರುತ್ತಿದ್ದ ಪರದೇಶದ ಡಾಕ್ಟರಮ್ಮನಿಗೆ ಅಪ್ಪ ಅಕ್ಕನನ್ನು ತೋರಿಸಿದರು. ಅವರು ಕಾಲಿನ ಅಳತೆ ತೆಗೆದುಕೊಂಡರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಪೆಟ್ಟಿಗೆ ಬಂತು. ಅದರಲ್ಲಿ ತೊಡೆಯವರೆಗೆ ಬರುವ ಎರಡು ಕಬ್ಬಿಣದ ಸರಳುಗಳು, ಕೆಳಗೆ ಅವನ್ನು ಬಿಗಿದಿದ್ದ ಕರಿಯ ಬೂಟು. ಆ ದೇಶದ ಯಾವುದೋ ಊರಿನ ಹೆಂಗಸರು ನಮ್ಮ ಕಡೆಯ ಕುಂಟರಿಗೆಂದು ಮಾಡಿಸಿ ಕಳಿಸಿದ್ದಂತೆ.

ಬೂಟು ತೊಗಲಿನದು.

ಅಕ್ಕ ಅಂಗಳದಲ್ಲಿ ಗೋಡೆ ಹಿಡಿದು ಕಲಿತಳು. ಬಿದ್ದಳು, ತೊಡೆಯ ಚರ್ಮ ಕಿತ್ತುಹೋಯಿತು, ಮತ್ತೆ ಎದ್ದಳು. ಒಂದು ಬೆಳಿಗ್ಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಬೂಟು ಕಟ್ಟಿಕೊಂಡು ಬಾವಿಯ ಹತ್ತಿರ ನಿಂತಳು. ತಾನೇ ಕೊಡ ತುಂಬಿದಳು. ಹಿತ್ತಲ ಬಾಗಿಲವರೆಗೆ ಹೊತ್ತು ತಂದಳು. ಹೊಸ್ತಿಲಲ್ಲಿ ಅಜ್ಜಿ ನಿಂತಿದ್ದಳು.

"ಅಲ್ಲೇ ನಿಲ್ಲು. ತೊಗಲು ಮೆಟ್ಟಿ ಸೇದಿದ ನೀರು ದೇವರಿಗೆ ಬರೂದಿಲ್ಲ."

ಅವ್ವ ಕೊಡ ತೆಗೆದುಕೊಂಡು ಬಾಳೆಯ ಬುಡಕ್ಕೆ ಸುರಿದಳು.

ಅಪ್ಪ ಮತ್ತೆ ಹಾನಗಲ್ಲಿಗೆ ಹೋಗಿ, ತೊಗಲಿನ ಬದಲು ಗಟ್ಟಿ ಅರಿವೆ ಹಾಕಿಸಬಹುದೇ ಎಂದು ಕೇಳಿಬಂದರು. ಅರಿವೆ ಕಬ್ಬಿಣದ ಭಾರ ತಡೆಯುವುದಿಲ್ಲವಂತೆ. ಆ ಸಂಜೆ ಅವರು ಸಂಧ್ಯಾವಂದನೆಗೆ ಕೂತಾಗ ಅಕ್ಕ ಬಾಗಿಲಿಗೆ ಸರಿದು ಬಂದಳು.

"ಅಪ್ಪಾ, ನೀವು ಕುಂತದ್ದು ಯಾವುದರ ಮ್ಯಾಲ?"

"ಜಿಂಕಿ ಚರ್ಮ. ಅದು ಶಾಸ್ತ್ರದಾಗ ಬಂದದ್ದು."

"ಹಂಗಾರ ನನ್ನ ಕಾಲು ಶಾಸ್ತ್ರದಾಗ ಬಂದಿಲ್ಲ, ಬಿಡ್ರಿ."

ಅಪ್ಪ ಕಣ್ಣು ಮುಚ್ಚಿದರು. ಜಪ ಮಾಡುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.

ಚಳಿಗಾಲದಲ್ಲಿ ಡಾಕ್ಟರಮ್ಮ ಕಂಪೌಂಡರನ ಜೊತೆ ನಮ್ಮೂರಿಗೇ ಬಂದರು. ಬೂಟು ಕಳಿಸಿದವರಿಗೆ ಒಂದು ಫೋಟೋ ಬೇಕಾಗಿತ್ತು. ಅಜ್ಜಿಯೇ ಅಕ್ಕನಿಗೆ ಹೊಸ ಸೀರೆ ಉಡಿಸಿದಳು. ತುಂಬಿದ ಕೊಡ ಸೊಂಟದ ಮೇಲೆ ಇಟ್ಟುಕೊಂಡು ಅಕ್ಕ ಬಾವಿಯ ಮುಂದೆ ನಿಂತಳು. ಡಾಕ್ಟರಮ್ಮನ ಕಣ್ಣು ತುಂಬಿ ಬಂದಿತ್ತು.

"ಈಗ ಮನೀಗೆ ನೀರು ನೀನ ತರ್ತೀಯೇನವಾ, ಅಂತ ಕೇಳಾಕತ್ತಾರ," ಎಂದ ಕಂಪೌಂಡರ.

ನಾವೆಲ್ಲರೂ ಅಕ್ಕನ ಬಾಯಿ ನೋಡುತ್ತಿದ್ದೆವು.

"ಸೇದತೇನ್ರಿ," ಅಂದಳು.

ಅವನು ಅದನ್ನು ಇಂಗ್ಲಿಷಿನಲ್ಲಿ ಏನೆಂದು ಹೇಳಿದನೋ, ಡಾಕ್ಟರಮ್ಮ ಅಕ್ಕನ ಕೈ ಹಿಡಿದು ಬಹಳ ಹೊತ್ತು ನಿಂತರು. ಅಜ್ಜಿ ಅವರಿಗೆ ಹಿತ್ತಾಳೆಯ ಲೋಟದಲ್ಲಿ ಹಾಲು ಕಳಿಸಿದಳು. ಅವರು ಹೋದ ಮೇಲೆ ಆ ಲೋಟವನ್ನು ಬೆಂಕಿಗೆ ಹಾಕಿ ತೆಗೆದರು.

ಮುಂದೆ ಅವ್ವ ತೀರಿಕೊಂಡಳು. ಮಡಿನೀರು ಅತ್ತಿಗೆಯ ಪಾಲಿಗೆ ಬಂತು. ವರುಷ ತುಂಬುವುದರೊಳಗೆ, ಅಕ್ಕ ಇನ್ನು ಸವಣೂರಿನ ಸೋದರಮಾವನ ಮನೆಯಲ್ಲಿರಲಿ ಎಂದು ದೊಡ್ಡವರು ಮಾತಾಡಿಕೊಂಡರು. ಅವಳನ್ನು ಯಾರೂ ಕೇಳಲಿಲ್ಲ.

ಹೊರಟ ದಿನ ಚಕ್ಕಡಿ ಬೀದಿಯಲ್ಲಿ ನಿಂತಿತ್ತು. ಅಣ್ಣ ಎತ್ತಿ ಕೂರಿಸಲು ಬಂದ. ಅಕ್ಕ ಬೇಡವೆಂದು, ಕಟ್ಟೆಯ ಮೇಲೆ ಕೂತು ಬೂಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಗಿದುಕೊಂಡಳು. ಆಮೇಲೆ ಎದ್ದು, ಅಂಗಳ ದಾಟಿ, ಚಕ್ಕಡಿಯವರೆಗೆ ತಾನೇ ನಡೆದು ಹೋದಳು. ಹೊರಗೆ ಹೋಗುವುದಕ್ಕೆ ತೊಗಲು ಯಾರಿಗೂ ಅಡ್ಡಿಯಾಗಿರಲಿಲ್ಲ.