ಹಿಡಿಯದೆ ನಿಲ್ಲುವುದು

ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿದುಕೊಳ್ಳದೆ ನಿಲ್ಲುವುದು ಕಂಡಕ್ಟರ್ ಕೆಲಸದ ಮುಕ್ಕಾಲು ಪಾಲು. ಒಂದು ಕೈಯಲ್ಲಿ ಟಿಕೆಟ್ ಮಷಿನ್ನು, ಇನ್ನೊಂದರಲ್ಲಿ ನೋಟು, ಚಿಲ್ಲರೆ. ಕಂಬಿ ಹಿಡಿಯಲಿಕ್ಕೆ ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲ. ಕಾಲು ತುಸು ಅಗಲಿಸಿ, ಸೊಂಟವನ್ನು ಸೀಟಿನ ಅಂಚಿಗೆ ಆನಿಸಿಕೊಂಡು, ಡ್ರೈವರ್ ಬ್ರೇಕ್ ತುಳಿಯುವ ಮುಂಚೆಯೇ ಹೊಟ್ಟೆ ಬಿಗಿ ಹಿಡಿಯಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮುಳಬಾಗಿಲಿನಿಂದ ಕೋಲಾರಕ್ಕೆ, ಶ್ರೀನಿವಾಸಪುರಕ್ಕೆ, ತಾಯಲೂರಿಗೆ ತಿರುಗಿ ತಿರುಗಿ ನನ್ನ ಮೈ ತಾನಾಗಿ ಕಲಿತಿತ್ತು. ಗರ್ಭಕೋಶ ತೆಗೆಸಿದ ಮೇಲೆ ಮೈ ಅದನ್ನು ಮರೆತುಬಿಟ್ಟಿತು.

ಆಪರೇಷನ್ ಆಗಿ ನಾನು ಕೋಲಾರದ ಆಸ್ಪತ್ರೆಯಿಂದ ಮುಳಬಾಗಿಲಿನ ಮನೆಗೆ ಬರುವಷ್ಟರಲ್ಲಿ, ತಾಯಲೂರಿನ ಪಕ್ಕದ ನನ್ನ ತವರು ಹಳ್ಳಿಯಿಂದ ಅಮ್ಮ ಒಂದು ಗಂಟು ಬಟ್ಟೆ, ಒಂದು ಚೀಲ ರಾಗಿಹಿಟ್ಟು ಹೊತ್ತು ಬಂದು ಬಾಗಿಲಲ್ಲಿ ಕೂತಿದ್ದಳು. ಅವತ್ತಿನಿಂದ ನಾನು ನಲವತ್ತು ದಾಟಿದ ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕುಡಿಯಲು ಬಿಸಿನೀರು, ಉಣ್ಣಲು ಮೆಣಸಿನ ಸಾರು. ನೀರಿನ ಚೊಂಬು ಎತ್ತಿದರೂ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ನನ್ನ ಗಂಡನಿಗೆ ಅತ್ತೆ ಎಂದರೆ ಭಯ. "ನೀನ್ ಎದ್ರೆ ನಂಗ್ ಬೈಗುಳ ಬೀಳ್ತದೆ, ಸುಮ್ನೆ ಮಲ್ಕೋ" ಎಂದು ಹೇಳಿ ಅವರು ಅಂಗಡಿಗೆ ಹೊರಟುಬಿಡುತ್ತಿದ್ದರು. ಡಾಕ್ಟರು ಹೇಳಿದ ವಿಶ್ರಾಂತಿ ಮುಗಿಯಿತು. ಅಮ್ಮನ ಲೆಕ್ಕದಲ್ಲಿ ಮುಗಿಯಲೇ ಇಲ್ಲ.

ರಜೆ ಮುಗಿಸಿ ಡ್ಯೂಟಿಗೆ ಹೋದ ಮೊದಲ ದಿನವೇ ಬಿದ್ದೆ. ಕೋಲಾರದ ಬಸ್ಸು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ನಮ್ಮ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದರೂ ನಾನು ಬೀಳುವುದಕ್ಕೆ ಜಾಗ ಸಿಕ್ಕಿತು. ಯಾವುದೋ ಹಸು ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದ್ದಷ್ಟೇ. ನಾನು ಹೋಗಿ ರೈತರೊಬ್ಬರ ತೊಡೆಯ ಮೇಲಿದ್ದ ಟೊಮೆಟೊ ಸಸಿಯ ಟ್ರೇ ಮೇಲೆ ಕೂತಿದ್ದೆ. ಅವರು ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬೈಯಬಹುದಿತ್ತು. ಅವರು ನಜ್ಜುಗುಜ್ಜಾದ ಸಸಿಗಳನ್ನು ಎತ್ತಿಕೊಂಡು ಎದ್ದು ನಿಂತು, "ನೀನ್ ಕೂತ್ಕೋ ತಾಯಿ" ಎಂದು ಸೀಟು ಬಿಟ್ಟುಕೊಟ್ಟರು. ಕಂಡಕ್ಟರಿಗೆ ಪ್ಯಾಸೆಂಜರ್ ಸೀಟು ಬಿಟ್ಟುಕೊಡುವುದು. ಆ ಅವಮಾನ ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಡಿಪೋದಲ್ಲಿ ಲೈಟ್ ಡ್ಯೂಟಿ ಎಂದು ಆಫೀಸಿನ ಒಂದು ಕುರ್ಚಿಗೆ ಹಾಕಿದರು. ಮೂರು ತಿಂಗಳಾದ ಮೇಲೆ ಕೋಲಾರದಲ್ಲಿ ಡಾಕ್ಟರು ನೋಡಿ ಫಿಟ್ ಎಂದು ಬರೆದರೆ ಮತ್ತೆ ಬಸ್ಸು. ಬರೆಯದಿದ್ದರೆ ಆ ಕುರ್ಚಿಯೇ ಗತಿ. ಇದನ್ನು ಕೇಳಿ ಎಲ್ಲರಿಗೂ ಹೊಟ್ಟೆಕಿಚ್ಚು. "ಅದೃಷ್ಟ ಕಣಕ್ಕ ನಿಂದು, ಫ್ಯಾನ್ ಕೆಳಗೆ ಕೆಲ್ಸ" ಎನ್ನುತ್ತಿದ್ದರು. ನನಗೆ ಮಾತ್ರ ಮೈಮೇಲೆ ಇರುವೆ ಹತ್ತಿದ ಹಾಗೆ. ಕಿಟಕಿಯಾಚೆ ಬಸ್ಸೊಂದು ಹೊರಟರೆ ಬಾಯಲ್ಲಿ ತಾನಾಗಿ "ರೈಟ್" ಬರುತ್ತಿತ್ತು. ಕೂತಲ್ಲೇ ಕಾಲು ಕುಣಿಯುತ್ತಿತ್ತು. ಸುಮ್ಮನೆ ಎದ್ದು ನೀರು ಕುಡಿದು ಬರುತ್ತಿದ್ದೆ, ಮತ್ತೆ ಎದ್ದು ಅದನ್ನು ಹೊರಹಾಕಿ ಬರುತ್ತಿದ್ದೆ. ಮದುವೆಗೂ ಮುಂಚಿನಿಂದ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಕೂತು ಸಂಬಳ ತೆಗೆದುಕೊಳ್ಳುವವರನ್ನು ಕಂಡು ನಾನೆಂದೂ ಆಸೆಪಟ್ಟಿಲ್ಲ. ಆ ಕುರ್ಚಿ ನನ್ನನ್ನು ನುಂಗಿಬಿಡುತ್ತದೆ ಎಂದು ನಿಜವಾಗಿಯೂ ಹೆದರಿದ್ದೆ.

ಹಾಗಾಗಿ ಡಾಕ್ಟರನ್ನು ಕೇಳಿದೆ. ಹೊಲಿಗೆ ಚೆನ್ನಾಗಿ ಕೂಡಿದೆ, ಇನ್ನು ನಡೆಯಬಹುದು, ನಿಧಾನಕ್ಕೆ ಓಡಬಹುದು, ಹೊಟ್ಟೆ ಸೊಂಟಕ್ಕೆ ವ್ಯಾಯಾಮ ಮಾಡಬಹುದು ಎಂದರು. ಇದನ್ನು ಅಮ್ಮನಿಗೆ ಹೇಳಿದೆ. "ಡಾಕ್ಟ್ರಿಗೇನ್ ಗೊತ್ತು, ಅವ್ರ ಹೊಟ್ಟೆ ಕುಯ್ದಿದ್ರಾ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಕದ್ದು ಶುರು ಮಾಡಿದೆ. ರೂಮಿನ ಬಾಗಿಲು ಹಾಕಿಕೊಂಡು ಫೋನನ್ನು ಗೋಡೆಗೆ ಒರಗಿಸಿ, ಒಂದು ಹುಡುಗಿ ನಗುನಗುತ್ತಾ ಹೇಳಿಕೊಡುವುದನ್ನು ಮಾಡುವುದು. ಅವಳಿಗೆ ಎಲ್ಲವೂ ಸುಲಭ. ನಮ್ಮ ಮನೆಯ ಮಂಚಕ್ಕೂ ಬೀರುವಿಗೂ ನಡುವೆ ಇರುವ ಜಾಗದಲ್ಲಿ ನಾನು ಕಾಲು ಚಾಚಿದರೆ ಕೈ ಮಡಚಬೇಕು, ಕೈ ಚಾಚಿದರೆ ತಲೆ ಬೀರುವಿಗೆ ಹೊಡೆಯುತ್ತದೆ. ಭಾರಕ್ಕೆ ಎಣ್ಣೆ ಕ್ಯಾನಿನಲ್ಲಿ ನೀರು ತುಂಬಿಕೊಂಡಿದ್ದೆ. ಒಂದು ಸಂಜೆ ಚಿಲಕ ಹಾಕಲು ಮರೆತೆ. ಮೊಣಕೈ ಊರಿ, ಮೈಯನ್ನು ಹಲಗೆಯಂತೆ ನೆಟ್ಟಗೆ ಮಾಡಿಕೊಂಡು, ಬೆವರು ಸುರಿಸುತ್ತಾ ನಡುಗುತ್ತಿರುವಾಗ ಅಮ್ಮ ಒಳಗೆ ಬಂದಳು. ಬಂದವಳು ನಾನು ಬಿದ್ದು ಏಳಲಾಗದೆ ಒದ್ದಾಡುತ್ತಿದ್ದೇನೆ ಎಂದುಕೊಂಡು ಪಕ್ಕದಲ್ಲಿ ಕೂತು, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತತೊಡಗಿದಳು. ನನಗೆ ನಗು ತಡೆಯಲಾಗದೆ ಅವಳ ಕೈ ಮೇಲೆಯೇ ಕುಸಿದೆ. ಅವಳು ನಗಲಿಲ್ಲ. ಎಣ್ಣೆ ಕ್ಯಾನು ಅಡುಗೆಮನೆಗೆ ಹೋಯಿತು, ರೂಮಿನ ಚಿಲಕವನ್ನು ಅಮ್ಮ ಸ್ಕ್ರೂ ಸಮೇತ ಬಿಚ್ಚಿಸಿದಳು.

ಮನೆಯೊಳಗೆ ಬಿಡದಿದ್ದರೆ ರಸ್ತೆ ಇದೆಯಲ್ಲ. ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಎದ್ದು, ಹಳೆಯ ಖಾಕಿ ಪ್ಯಾಂಟು, ಗಂಡನ ಟೀ ಶರ್ಟು, ಕ್ಯಾನ್ವಾಸ್ ಬೂಟು ಹಾಕಿಕೊಂಡು ಕುರುಡುಮಲೆ ರಸ್ತೆ ಹಿಡಿದೆ. ಮೊದಮೊದಲು ಒಂದು ಕರೆಂಟ್ ಕಂಬದಿಂದ ಇನ್ನೊಂದಕ್ಕೆ ಓಡುವುದು, ಮುಂದಿನದರವರೆಗೆ ನಡೆಯುವುದು. ಎದೆ ಹೊಡೆದುಕೊಳ್ಳುತ್ತಿತ್ತು, ಹೊಲಿಗೆಯ ಜಾಗ ಜುಮ್ಮೆನ್ನುತ್ತಿತ್ತು. ಆದರೂ ಕುರ್ಚಿಯಲ್ಲಿ ಕೂತಾಗ ತಲೆಯೊಳಗೆ ಗುಂಯ್‌ಗುಡುವುದು ಓಡುವಾಗ ನಿಲ್ಲುತ್ತಿತ್ತು.

ತೊಂದರೆ ಏನೆಂದರೆ, ನಮ್ಮ ಕಡೆ ರಸ್ತೆಯಲ್ಲಿ ಓಡುವ ಹೆಂಗಸಿಗೆ ಎಲ್ಲಿಗೋ ಹೋಗುವ ತುರ್ತಿದೆ ಎಂದೇ ಅರ್ಥ. ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಬಾಕ್ಸು ತುಂಬಿಕೊಂಡು ಬರುವ ಟೆಂಪೋದವನು ಪಕ್ಕಕ್ಕೆ ನಿಲ್ಲಿಸಿ "ಬಸ್ಸು ಪೋಯಿಂದಾ ಅಮ್ಮಾ? ಎಕ್ಕು" ಎಂದು, ಬಸ್ಸು ತಪ್ಪಿತೇ ಎಂದು ತೆಲುಗಿನಲ್ಲಿ ಕೇಳಿ ಗಾಡಿ ಹತ್ತಲು ಕರೆಯುತ್ತಿದ್ದ. ನಾನು ಹೋಗುತ್ತಿದ್ದುದು ಕೋಲಾರದ ವಿರುದ್ಧ ದಿಕ್ಕಿಗೆ. ಅದು ಅವನಿಗೆ ಮುಖ್ಯವಲ್ಲ. ಹಾಲು ಹಾಕಲು ಹೊರಟ ಮುದುಕರೊಬ್ಬರು ಸೈಕಲ್ ಇಳಿದು "ಯಾರ್ ಹೋದ್ರಮ್ಮಾ?" ಎಂದು ಕೇಳಿದರು. ಯಾರೂ ಸತ್ತಿಲ್ಲ, ಮೈ ಇಳಿಸಲು ಓಡುತ್ತಿದ್ದೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಒಂದ್ ಹೊತ್ತು ಮುದ್ದೆ ಬಿಡು" ಎಂದು ಸೈಕಲ್ ಹತ್ತಿದರು.

ಅವತ್ತು ಸ್ವಲ್ಪ ಲೇಟಾಗಿ ಹೊರಟಿದ್ದೆ. ಊರು ದಾಟಿದ ಮೇಲೆ ಕುರುಡುಮಲೆಗೆ ಹೋಗುವ ಬೆಳಗಿನ ಬಸ್ಸು ನನ್ನನ್ನು ಹಿಂದೆ ಹಾಕಿತು. ನಾನು ಓಡುತ್ತಲೇ ಇದ್ದೆ. ಹಿಂದಿನಿಂದ ಬೈಕಿನಲ್ಲಿ ಬರುತ್ತಿದ್ದ ಒಬ್ಬಾತ ನೋಡಿದ್ದು ಇಷ್ಟು: ಮುಂದೆ ಬಸ್ಸು, ಹಿಂದೆ ಖಾಕಿ ಪ್ಯಾಂಟಿನಲ್ಲಿ ಓಡುತ್ತಿರುವ ಕಂಡಕ್ಟರಮ್ಮ. ಡ್ರೈವರ್ ಇವಳನ್ನು ಬಿಟ್ಟು ಹೊರಟಿದ್ದಾನೆ ಎಂದು ತೀರ್ಮಾನಿಸಿ ಗಾಡಿ ಓಡಿಸಿ ಬಸ್ಸಿಗೆ ಅಡ್ಡ ನಿಲ್ಲಿಸಿದ. ಬಸ್ಸು ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು. ಎಲ್ಲರೂ ನನಗಾಗಿ ಕಾಯತೊಡಗಿದರು. "ಬೇಗ್ ಬಾಮ್ಮಾ, ಟೈಮಾಯ್ತದೆ" ಎಂದು ಯಾರೋ ಕೂಗಿದರು. ಬೈಕಿನವನು ಊರಿಗೇ ಉಪಕಾರ ಮಾಡಿದವನಂತೆ ನಿಂತಿದ್ದ.

ಅಷ್ಟು ಜನ ಕಾಯುತ್ತಿರುವಾಗ ನಾನು ಸುಮ್ಮನೆ ಓಡುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಹತ್ತಿಬಿಟ್ಟೆ. ಡ್ರೈವರಿಗೆ ನನ್ನ ಗುರುತಿತ್ತು, ಆದರೆ ಕಂಡಕ್ಟರ್ ಹೊಸಬ. ಆಧಾರ್ ಕಾರ್ಡ್ ತೋರಿಸಿ ಎಂದ. ಇಲ್ಲ. ಹಾಗಾದರೆ ದುಡ್ಡು ಕೊಡಿ ಎಂದ. ಅದೂ ಇಲ್ಲ. "ನಮ್ಮೋರೇ ಕಣೋ, ಬಿಡೋ" ಎಂದ ಡ್ರೈವರ್. "ನಮ್ಮೋರಾದ್ರೆ ಪಾಸ್ ತೋರಿಸ್ಲಿ ಅಣ್ಣಾ" ಎಂದ ಅವನು. ನನಗೆ ಸಿಟ್ಟು ಬಂತು, ಜತೆಗೆ ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ ಎಂಬುದೂ ಗೊತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದೆ. ಜೇಬಿನಲ್ಲಿ ಕಾಸಿಲ್ಲ, ಫೋನು ಮನೆಯಲ್ಲಿ, ಮನೆ ನಾನು ಎಂದೂ ಓಡಿರದಷ್ಟು ದೂರ. ಬೈದುಕೊಂಡೇ ಓಡತೊಡಗಿದೆ. ಆ ಬೈಕಿನವನನ್ನು, ಹೊಸ ಕಂಡಕ್ಟರನ್ನು, ಕುರ್ಚಿಯನ್ನು, ಅಡ್ಡ ಬಂದ ಹಸುವನ್ನು ಸರದಿಯ ಮೇಲೆ ಬೈದೆ. ಬೈಗುಳ ಮುಗಿದ ಮೇಲೆ ನೋಡಿದರೆ ಊರಿನ ಮೊದಲ ಮನೆಗಳು ಕಾಣುತ್ತಿದ್ದವು, ನಾನು ಎಲ್ಲೂ ನಿಂತಿರಲಿಲ್ಲ. ಖುಷಿಗೆ ಅಳು ಬಂತು.

ಆ ಖುಷಿ ಬಾಗಿಲವರೆಗೆ ಮಾತ್ರ. ನನಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ನಿಮ್ಮ ಮಗಳು ಬಸ್ಸಿನ ಹಿಂದೆ ಓಡಿದಳಂತೆ ಎಂದು ಬೀದಿಯವರೆಲ್ಲ ಬಂದು ಅಮ್ಮನಿಗೆ ಹೇಳಿ ಹೋಗಿದ್ದರು. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಲಿಲ್ಲ.

"ನನ್ನೂ ಕುಯ್ದಿದ್ರು" ಎಂದಳು. "ನೀನ್ ಆವಾಗ ಸ್ಕೂಲಿಗ್ ಹೋಗ್ತಿದ್ದೆ, ನಿಂಗ್ ಗೊತ್ತಿಲ್ಲ. ನಿಮ್ಮಜ್ಜಿ ಒಂದ್ ವಾರ ಸುಮ್ಕಿದ್ಲು. ಆಮೇಲೆ ಕಡ್ಲೇಕಾಯಿ ಕೀಳಕ್ ಬಾ ಅಂದ್ಲು. ಹೋದೆ. ಹೊಲ್ಗೆ ಇನ್ನಾ ಹಸಿ. ಹೊಟ್ಟೆಗ್ ಸೆರಗು ಬಿಗಿಯಾಗ್ ಕಟ್ಕೊಂಡು ಬಗ್ದೆ. ಅವತ್ತಿಂದ ಈ ಸೊಂಟ ನಂದಲ್ಲ. ಯಾರಾನಾ ಒಬ್ರು ಮಲ್ಕೋ ಅಂದಿದ್ರೆ ಸಾಕಾಗಿತ್ತು. ಯಾರೂ ಅನ್ಲಿಲ್ಲ. ನಿಂಗ್ ನಾನ್ ಅಂತಾ ಇದೀನಿ. ನೀನ್ ನೋಡಿದ್ರೆ ಓಡ್ತೀಯ."

ಅಮ್ಮನಿಗೆ ಆಪರೇಷನ್ ಆಗಿತ್ತೆಂಬುದು ಅದುವರೆಗೂ ನನಗೆ ಗೊತ್ತಿರಲಿಲ್ಲ. ಅವಳು ಯಾವಾಗಲೂ ಸೊಂಟ ಹಿಡಿದುಕೊಂಡೇ ಏಳುತ್ತಿದ್ದುದನ್ನು ಅವಳ ಅಭ್ಯಾಸವೆಂದೇ ತಿಳಿದಿದ್ದೆ. ಆ ಗಳಿಗೆಯಲ್ಲಿ ಪಕ್ಕದಲ್ಲಿ ಕೂರಬೇಕಿತ್ತು. ಆದರೆ ನನ್ನ ಬಾಯಿ ನನ್ನ ಕಾಲಿಗಿಂತ ಜೋರು. "ಅಮ್ಮಾ, ನೀನ್ ಅವತ್ತು ಬಗ್ಗಿದ್ದು ಅಜ್ಜಿ ಹೇಳಿದ್ಲು ಅಂತ. ನಂಗ್ ಯಾರೂ ಹೇಳಿಲ್ಲ. ನಂಗ್ ಬಸ್ ಬೇಕು, ಅದಕ್ಕೇ ಓಡ್ತಿದೀನಿ. ಆ ಕುರ್ಚೀಲಿ ಕೂತ್ರೆ ಸತ್ತೋಗ್ತೀನಿ" ಎಂದೆ. ಅವಳು ಸೊಂಟ ಹಿಡಿದುಕೊಂಡು ಎದ್ದು ಒಳಗೆ ಹೋದಳು.

ಆಮೇಲೆ ಅವಳು ತಡೆಯಲಿಲ್ಲ. ಒಪ್ಪಲೂ ಇಲ್ಲ. ನಾನು ಓಡಿ ಬರುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು, ಬಂದ ಕೂಡಲೇ ಎದ್ದು ಹೋಗುತ್ತಿದ್ದಳು. ಸಂಜೆ ವ್ಯಾಯಾಮ ಮಾಡುವಾಗ ಬಾಗಿಲ ಸಂದಿಯಲ್ಲಿ ಅವಳ ಸೀರೆಯ ಅಂಚು ಕಾಣುತ್ತಿತ್ತು. ನಾನು ದೋಸೆ ಹುಯ್ಯುವಾಗ ಒಂಟಿ ಕಾಲಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಅದನ್ನು ನೋಡಿ ಒಲೆಯ ಸುತ್ತಲಿದ್ದ ಪಾತ್ರೆಗಳನ್ನು ದೂರ ಸರಿಸುತ್ತಿದ್ದಳು. ನನಗೆ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಫಿಟ್ ಎಂದು ಬರೆಯದಿದ್ದರೆ ಎಂಬ ಭಯ ಒಂದು ಕಡೆ, ಬರೆದರೆ ಅಮ್ಮನ ಮುಖ ಹೇಗಾಗುತ್ತದೋ ಎಂಬ ಸಂಕಟ ಇನ್ನೊಂದು ಕಡೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಬಗ್ಗಿಸಿದರು, ಏಳಿಸಿದರು, ಏನೇನು ಮಾಡುತ್ತೀರಿ ಎಂದು ಕೇಳಿದರು. ಫಿಟ್ ಎಂದು ಬರೆದರು. ಸಿಹಿ ತೆಗೆದುಕೊಂಡು ಮನೆಗೆ ಬಂದರೆ ಅಮ್ಮ ಬಟ್ಟೆ ಮಡಚುತ್ತಿದ್ದಳು. "ಇನ್ನ್ ನಂದೇನ್ ಕೆಲ್ಸ ಇಲ್ಲಿ. ನೀನ್ ಡ್ಯೂಟಿಗ್ ಹೋಗೋ ದಿನ ನಾನೂ ಹೊರಡ್ತೀನಿ" ಎಂದಳು. ಇರು ಎಂದೆ. ಇರಲಿಲ್ಲ.

ಮೊದಲ ದಿನವೇ ನನಗೆ ತಾಯಲೂರಿನ ಬಸ್ಸು ಸಿಕ್ಕಿತು. ಅಮ್ಮ ಗಂಟು ಹಿಡಿದು ಎಲ್ಲರಂತೆ ನೂಕಾಡಿ ಹತ್ತಿ, ಮಧ್ಯದಲ್ಲಿ ದಾರಿಯ ಪಕ್ಕದ ಸೀಟು ಹಿಡಿದಳು. ಆಧಾರ್ ಕಾರ್ಡನ್ನು ಮುಂದೆ ಚಾಚಿ, ಮುಖ ನೋಡದೆ ಫ್ರೀ ಟಿಕೆಟ್ ತೆಗೆದುಕೊಂಡಳು. ನಾನು ರೈಟ್ ಎಂದೆ. ಬಸ್ಸು ಹೊರಟಿತು. ಕಾಲು ಅಗಲಿಸಿದೆ, ಸೊಂಟ ಆನಿಸಿದೆ. ಊರು ಬಿಟ್ಟು ಕೆರೆ ಕಟ್ಟೆಯ ತಿರುವು ಬಂತು, ಬಸ್ಸು ಪೂರಾ ವಾಲಿತು, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನಾನು ಬೀಳಲಿಲ್ಲ. ಹೊಟ್ಟೆ ತಾನಾಗಿ ಬಿಗಿಯಾಗಿತ್ತು. ಕೈಯಲ್ಲಿ ಮಷಿನ್ನು, ನೋಟು ಎರಡೂ ಇದ್ದವು. ಮೈ ನನಗೆ ವಾಪಸು ಬಂದಿತ್ತು.

ಹಿಂದಕ್ಕೆ ಹೋಗೋಣವೆಂದು ಹೆಜ್ಜೆ ಇಟ್ಟರೆ ಏನೋ ಜಗ್ಗಿತು. ಹೆಗಲಿನ ದುಡ್ಡಿನ ಬ್ಯಾಗಿಗೆ ಕೈ ಹಾಕಿದವರು ಯಾರೆಂದು ಸಿಟ್ಟಿನಿಂದ ತಿರುಗಿದೆ. ಅಮ್ಮ ಸೀಟಿನಿಂದ ಮುಂದಕ್ಕೆ ಬಗ್ಗಿ ನನ್ನ ಬ್ಯಾಗಿನ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಿದ್ದಳೋ. ಮುಖ ಮಾತ್ರ ಕಿಟಕಿಯ ಕಡೆಗಿತ್ತು.

"ಬಿಡಮ್ಮಾ, ಹಿಂದ್ಗಡೆ ಟಿಕೆಟ್ ಕೊಡ್ಬೇಕು."

"ಕೊಡು. ನಾನೇನ್ ಬ್ಯಾಡ ಅಂದ್ನಾ" ಎಂದಳು. ಕೈ ಬಿಡಲಿಲ್ಲ. ಬಸ್ಸು ಇನ್ನೊಮ್ಮೆ ವಾಲಿದಾಗ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಅಷ್ಟು ಹೊತ್ತು ಬಗ್ಗಿದ್ದಕ್ಕೆ ಅವಳ ಸೊಂಟ ನೋಯುತ್ತಿರಬೇಕು, ತುಟಿ ಕಚ್ಚಿಕೊಂಡಿದ್ದಳು.

ಒಂದು ಸಲ ಜಗ್ಗಿದ್ದರೆ ಬಿಡಿಸಿಕೊಳ್ಳಬಹುದಿತ್ತು. "ಹಿಂದ್ಗಡೆಯೋರು ದುಡ್ಡು, ಕಾರ್ಡು ಕೈಯಿಂದ್ ಕೈಗೆ ಕಳಿಸ್ರೀ" ಎಂದು ಕೂಗಿದೆ. ನೋಟುಗಳು, ಕಾರ್ಡುಗಳು ತಲೆಗಳ ಮೇಲಿಂದ ಮುಂದಕ್ಕೆ ಬಂದವು, ಟಿಕೆಟ್ಟುಗಳು ಹಾಗೆಯೇ ಹಿಂದಕ್ಕೆ ಹೋದವು. ನಾನು ಅಮ್ಮನಿಗೆ ಬಗ್ಗುವ ಕಷ್ಟವಿರದಂತೆ ಅವಳ ಸೀಟಿಗೆ ಇನ್ನಷ್ಟು ಹತ್ತಿರ ಸರಿದು, ತಾಯಲೂರು ಬರುವವರೆಗೂ ಅಲ್ಲೇ ನಿಂತೆ.